ಗುಂಪಿಗೆಲ್ಲ ಪಚ್ಚ

ನನಗೆ ಎರಡು ವಿದ್ಯೆಗಳು ಚೆನ್ನಾಗಿ ಬರುತ್ತವೆ ಎಂದು ಬಹಳ ದಿನ ನಂಬಿದ್ದೆ. ಒಂದು ತೆಲುಗು, ಇನ್ನೊಂದು ಕಂಪ್ಯೂಟರು. ಎರಡೂ ಒಂದೇ ಫೋಟೋದಲ್ಲಿ ಕೈಕೊಟ್ಟವು. ನಾನು ಮಧುಗಿರಿ ಕಡೆಯವನು, ಹಿಂದೂಪುರಕ್ಕೆ ಬಂದು ಸ್ಟುಡಿಯೋ ತೆರೆದವನು. ಗಿರಾಕಿಗಳು ತೆಲುಗಿನಲ್ಲಿ ಹೇಳಿದ್ದಕ್ಕೆಲ್ಲ "ಸರೇ, ಸರೇ" ಎಂದು ತಲೆಯಾಡಿಸುತ್ತಿದ್ದೆ. ಅರ್ಥವಾಗದಿದ್ದರೆ ಇನ್ನೂ ಜೋರಾಗಿ ಆಡಿಸುತ್ತಿದ್ದೆ. ಆಗತಾನೆ ರೀಲಿನ ಕ್ಯಾಮೆರಾ ಹೋಗಿ ಡಿಜಿಟಲ್ ಬಂದಿತ್ತು. ನನ್ನ ಕಂಪ್ಯೂಟರನ್ನು ನೋಡಲೆಂದೇ ಬಂದ ಜನ, ಬರಿಗೈಲಿ ಹೋಗಲು ಸಂಕೋಚವಾಗಿ ಒಂದು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದ ಕಾಲ ಅದು.

ಕಲ್ಯಾಣದುರ್ಗದ ನರಸಮ್ಮನವರ ಹೊಸ ಮನೆಯ ಗೃಹಪ್ರವೇಶಕ್ಕೆ ನನ್ನದೇ ಫೋಟೋ. ಮನೆಮಂದಿಯನ್ನೆಲ್ಲ ಬಾಗಿಲ ಮುಂದೆ ನಿಲ್ಲಿಸಿ ಗ್ರೂಪ್ ತೆಗೆದೆ. ನಾಲ್ವರು ಸೊಸೆಯರಲ್ಲಿ ಮೂವರು ಬಣ್ಣ ಬಣ್ಣದ ರೇಷ್ಮೆಯಲ್ಲಿ ಮಿಂಚುತ್ತಿದ್ದರು. ಬೆಳಗಿನಿಂದ ಒಲೆಯ ಮುಂದಿದ್ದ ಹಿರಿಯ ಸೊಸೆ ಗಂಗಮ್ಮ, ಯಾರೋ ಕೂಗಿದರೆಂದು ಮಾಸಿದ ನೂಲಿನ ಸೀರೆಯಲ್ಲೇ ಓಡಿಬಂದು ಎಲ್ಲರ ಹಿಂದೆ ನಿಂತರು. ಕ್ಲಿಕ್ ಮಾಡಿದ ನನಗಾದರೂ ಒಂದು ಮಾತು ಹೇಳಲು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಚಿಕ್ಕ ಪ್ರತಿಯೊಂದನ್ನು ಕಳಿಸಿದ ಮೇಲೆ ನರಸಮ್ಮನವರ ಫೋನ್ ಬಂತು. ಅವರದು ನಡುನಡುವೆ ತೆಲುಗು ಬೆರೆತ ಕನ್ನಡ.

"ಇದು ಹಾಲ್‌ನಾಗೆ ದೊಡ್ಡದಾಗಿ ಹಾಕ್ಸೋ ಫೋಟೋ ಕಣಪ್ಪ. ಬಂದೋರು ನಮ್ ಹಿರೀ ಸೊಸೇನ ಅಡುಗೆಯೋಳು ಅಂದ್ಬುಟ್ಟಾರು. ಅವಳು ಫೋಟೋ ನೋಡ್ದಾಗ್ಲಿಂದ ಮಾತೇ ಆಡ್ತಿಲ್ಲ. ನಾಲ್ಕೂ ಸೀರೆ ಒಂದೇ ತರ ಪಚ್ಚ ಮಾಡ್ಬುಡು."

"ಪಚ್ಚಾನೇ? ಸರೇ" ಎಂದೆ. ನಮ್ಮ ಕಡೆ ಪಚ್ಚೆ ಎಂದರೆ ಹಸಿರು. ಇದನ್ನೂ ಕೇಳಿ ತಿಳಿದುಕೊಳ್ಳಬೇಕೆ?

ಸೆರಗು, ನೆರಿಗೆ, ರವಿಕೆ ಎಲ್ಲವನ್ನೂ ಕತ್ತರಿಸಿ ಒಂದೊಂದನ್ನೂ ಒಂದೊಂದು ಲೇಯರ್, ಅಂದರೆ ಪದರ, ಮಾಡಿದೆ. ಹನ್ನೆರಡು ಪದರಗಳಾದವು. ಹನ್ನೆರಡಕ್ಕೂ ಬೇರೆ ಬೇರೆ ಬಣ್ಣ ಹಚ್ಚುವ ಬದಲು, ಎಲ್ಲವನ್ನೂ ಒಂದು ಗುಂಪಾಗಿ ಕಟ್ಟಿ, ಗುಂಪಿನೊಳಗೆ ಒಂದೇ ಒಂದು ಎಫೆಕ್ಟ್ ಹಾಕುವುದು ಜಾಣರ ದಾರಿ. ನಾನು ಜಾಣ. ಆದರೆ ಆ ಗುಂಪಿಗೊಂದು ಗುಣವಿದೆ. ಮೊದಲೇ ಬೇಡವೆಂದು ಹೇಳದಿದ್ದರೆ, ಒಳಗೆ ಹಾಕಿದ ಎಫೆಕ್ಟ್ ಒಳಗೇ ನಿಲ್ಲದೆ ಕೆಳಗಿರುವ ಇಡೀ ಫೋಟೋಗೆ ಇಳಿದುಬಿಡುತ್ತದೆ. ನಾನೋ ನೆರಿಗೆಯ ಅಂಚು ಕಾಣಲೆಂದು ಫೋಟೋವನ್ನು ಹಿಗ್ಗಿಸಿಕೊಂಡು ಕೂತಿದ್ದೆ. ಪರದೆಯ ತುಂಬ ಸೀರೆ, ಸೀರೆಯ ತುಂಬ ಹಸಿರು. ನನ್ನ ಬೆನ್ನು ನಾನೇ ತಟ್ಟಿಕೊಂಡು ಪ್ರಿಂಟಿಗೆ ಕಳಿಸಿದೆ. ಕಟ್ಟು ಹಾಕಿ ಕಾಗದ ಸುತ್ತಿ ಬಂದದ್ದನ್ನು ಬಿಚ್ಚಿಯೂ ನೋಡದೆ ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ಹಾಲಿನಲ್ಲಿ ಎಲ್ಲರೂ ಸುತ್ತ ನಿಂತರು. ನರಸಮ್ಮ ಕಾಗದ ಬಿಚ್ಚಿದರು. ಸೀರೆ ಹಸಿರು, ಸೊಸೆಯರು ಹಸಿರು, ಗಂಡುಮಕ್ಕಳ ಮೀಸೆ ಹಸಿರು, ಹೊಸ ಮನೆಯ ಗೋಡೆ ಹಸಿರು. ತೋರಣದ ಮಾವಿನೆಲೆಯೊಂದೇ ತನ್ನ ಸಹಜ ಬಣ್ಣದಲ್ಲಿತ್ತು.

"ಅಯ್ಯೋ ನಿನ್ನ! ತೆಲುಗಿನಾಗೆ ಪಚ್ಚ ಅಂದ್ರೆ ಅರಿಶಿಣದ ಬಣ್ಣ ಕಣಪ್ಪ. ಇದು ಆಕುಪಚ್ಚ, ಎಲೆ ಬಣ್ಣ! ತೆಲುಗು ಬತ್ತೈತೆ ಅಂತಿದ್ದೆ?"

ನೆಲ ಬಾಯಿಬಿಡಬಾರದೆ ಎನ್ನಿಸಿತು. ಅಷ್ಟರಲ್ಲಿ ಗಂಗಮ್ಮ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. ಫೋಟೋದಲ್ಲಿ ತಮ್ಮನ್ನು ಹುಡುಕಿದರು. ಸೆರಗು ಬಾಯಿಗೆ ಹೋಯಿತು. ಅಳುತ್ತಾರೆಂದು ನಾನು ಬಾಗಿಲ ಕಡೆ ಸರಿದೆ.

"ಅತ್ತೇ, ಅಡುಗೆಯೋಳು ಯಾರು, ಯಜಮಾನಿ ಯಾರು, ಈಗ ಯಾರಾದ್ರೂ ಹೇಳಾಕಾಯ್ತದಾ?" ಎಂದು ಬಿದ್ದು ಬಿದ್ದು ನಕ್ಕರು.

ಮನೆಯೆಲ್ಲ ನಗು. ನರಸಮ್ಮ ಕಣ್ಣೊರೆಸಿಕೊಂಡು ಎದ್ದರು. "ಈ ಕಂಪ್ಯೂಟರ್ ಸವಾಸ ಸಾಕು. ಗಂಗೀ, ನನ್ನ ಪೆಟ್ಟಿಗೆನಾಗಿರೋ ರೇಷ್ಮೆ ಉಟ್ಕೊಂಡು ಬಾ, ಮಧ್ಯಕ್ಕೆ ಕೂತ್ಕೋ. ಒಲೆ ಆರ್ಸಿ ಎಲ್ರೂ ಬನ್ನಿ, ಊಟ ಆಮೇಲೆ. ನೀನು ಕ್ಯಾಮೆರಾ ತಗಿಯಪ್ಪ!"

ಗಂಗಮ್ಮ ನಡುವೆ ಕೂತು ನಕ್ಕ ಆ ಫೋಟೋಗೆ ನಾನು ಒಂದು ಚುಕ್ಕೆ ಬಣ್ಣವನ್ನೂ ಸೇರಿಸಲಿಲ್ಲ. ನನ್ನ ಕೈಯಿಂದ ಬಂದ ಅತ್ಯುತ್ತಮ ಗ್ರೂಪ್ ಅದೇ. ಅಂದು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳಿದೆ. ಅಡುಗೆಮನೆಯಿಂದಲೇ ಅವಳ ದನಿ ಬಂತು: "ಅದ್ಸರಿ, ನಮ್ಮನೆ ಗ್ರೂಪ್ ಫೋಟೋನಾಗೆ ನಾನೆಲ್ಲಿದೀನಿ?"

ಧೈರ್ಯವಾಗಿಯೇ ಗೋಡೆಯ ಕಡೆ ತಿರುಗಿದೆ. ಬಲಗಡೆಯ ಅಂಚಿನಲ್ಲಿ ಒಂದು ಮೊಣಕೈ ಮತ್ತು ಕಾಫಿ ಲೋಟಗಳ ತಟ್ಟೆ ಇದ್ದವು. ಉಳಿದದ್ದನ್ನು, ಚಿತ್ರ ಅಂದವಾಗಿರಲಿ ಎಂದು, ನಾನೇ ಕತ್ತರಿಸಿದ್ದೆ.