ಕೊನೆಯ ಪುಟವಿಲ್ಲದ ಆಟದ ಬಗ್ಗೆ ಅಭಿಪ್ರಾಯ

ಕಂಪ್ಯೂಟರಿನಲ್ಲಿ ಆಡುವ ಒಂದು ಆಟಕ್ಕೆ ಚಂದಾ ಕಟ್ಟಿ ಸೇರಬಹುದೇ, ಸೇರಬಾರದೇ ಎಂಬ ಪ್ರಶ್ನೆ ನಮ್ಮ ಸಾರ್ವಜನಿಕ ಗ್ರಂಥಾಲಯದಲ್ಲಿ ಐದನೆಯ ವರ್ಷವೂ ಪರಿಶೀಲನೆಯಲ್ಲಿದ್ದು, ಪರಿಶೀಲನೆ ತೃಪ್ತಿಕರವಾಗಿ ಸಾಗಿದೆ. ತೃಪ್ತಿಕರವಾಗಿ ಎಂದರೆ ಯಾರಿಂದಲೂ ದೂರು ಬಂದಿಲ್ಲ ಎಂದರ್ಥ. ಪರಿಶೀಲಿಸುತ್ತಿರುವ ನೌಕರ ನಾನೇ ಆದ್ದರಿಂದ ವಿಷಯವನ್ನು ಮೊದಲಿನಿಂದ ವಿವರಿಸುತ್ತೇನೆ.

ನಾನು ನಿಯತಕಾಲಿಕ ವಿಭಾಗದ ಸಹಾಯಕ. ನಿಯತಕಾಲಿಕ ಎಂದರೆ ವಾರಕ್ಕೋ ತಿಂಗಳಿಗೋ ಬರುವ ಪತ್ರಿಕೆ. ವಿಭಾಗ ಎಂದರೆ ಮೊದಲ ಮಹಡಿಯಲ್ಲಿ ಮೆಟ್ಟಿಲ ಪಕ್ಕದ ಕೋಣೆ. ಅದರಲ್ಲಿ ಎರಡು ಮೇಜು, ಒಂದು ಕಂಪ್ಯೂಟರ್, ಗೋಡೆಯುದ್ದಕ್ಕೂ ಪತ್ರಿಕೆ ಇಡುವ ಓರೆ ಹಲಗೆಗಳು. ಸಹಾಯಕ ಎಂದರೆ ಆ ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಈ ಸಂಗತಿ ಶುರುವಾದಾಗ ನಾನು ಸೇರಿ ಮೂರು ವಾರವಾಗಿತ್ತು, ಕೆಲಸ ಕಾಯಂ ಆಗಿರಲಿಲ್ಲ. ಒಂದು ವರ್ಷದೊಳಗೆ ಯಾವುದಾದರೂ ಒಂದು ಪ್ರಕಟಣೆಯ ಬಗ್ಗೆ ಲಿಖಿತ ಅಭಿಪ್ರಾಯ ಸಲ್ಲಿಸಿ ಅದು ಅಂಗೀಕಾರವಾದರೆ ಕಾಯಂ, ಇಲ್ಲದಿದ್ದರೆ ವರ್ಷದ ಕೊನೆಯ ದಿನ ಕೋಣೆಯ ಬೀಗದ ಕೈ ಒಪ್ಪಿಸಿ ಹೊರಡತಕ್ಕದ್ದು ಎಂದು ನೇಮಕದ ಆದೇಶದಲ್ಲಿ ಬರೆದಿತ್ತು.

ಆಗ ನಾನು ಅಕ್ಕನ ಮನೆಯಲ್ಲಿದ್ದೆ. ಮಲಗುತ್ತಿದ್ದದ್ದು ಸೋಫಾದ ಮೇಲೆ. ನನ್ನ ಉದ್ದ ಐದು ಅಡಿ ಹತ್ತು ಇಂಚು, ಸೋಫಾದ್ದು ನಾಲ್ಕೂವರೆ ಅಡಿ. ಉಳಿದ ನನ್ನನ್ನು ಒಂದು ಸ್ಟೂಲಿನ ಮೇಲೆ ಇಡುತ್ತಿದ್ದೆ. ಭಾವ ಒಳ್ಳೆಯವರು, ಹೋಗು ಎಂದು ಒಮ್ಮೆಯೂ ಹೇಳಿದವರಲ್ಲ. ಪ್ರತಿ ಭಾನುವಾರ ಪೇಪರಿನಲ್ಲಿ ಬಾಡಿಗೆ ಮನೆಗಳ ಜಾಹೀರಾತಿರುವ ಪುಟವನ್ನಷ್ಟೇ ಮಡಚಿ ನನ್ನ ದಿಂಬಿನ ಪಕ್ಕ ಇಡುತ್ತಿದ್ದರು. ಕೋಣೆ ನೋಡಲು ಹೋದಲ್ಲೆಲ್ಲ ಮಾಲೀಕರು ಮೊದಲು ಕೇಳುತ್ತಿದ್ದದ್ದು ಕೆಲಸ ಕಾಯಂ ಆಗಿದೆಯೇ ಎಂದು. ಹೀಗಾಗಿ ನನಗೆ ಒಂದು ಅಭಿಪ್ರಾಯ ತುರ್ತಾಗಿ ಬೇಕಿತ್ತು. ಯಾವುದರ ಬಗ್ಗೆ ಎಂಬುದು ಮುಖ್ಯವಾಗಿರಲಿಲ್ಲ.

ಅಂಥ ಹೊತ್ತಿನಲ್ಲಿ ಸಲಹೆ ಪೆಟ್ಟಿಗೆಯೊಳಗೆ ಒಂದು ಚೀಟಿ ಸಿಕ್ಕಿತು. ಬರೆದವರು ಎದುರು ರಸ್ತೆಯ ಕನ್ನಡಕದ ಅಂಗಡಿಯವರು; ಪ್ರತಿ ಶನಿವಾರ ಬಂದು ಒಂದು ಗಂಟೆ ಓದಿ ಹೋಗುವ ಸಭ್ಯರು. ಚೀಟಿ ಹೀಗಿತ್ತು: ‘ಸಾವಿರಾರು ಜನ ಅವರವರ ಮನೆಯಲ್ಲೇ ಕೂತು, ಕಂಪ್ಯೂಟರಿನೊಳಗೆ ಬೇರೆ ಬೇರೆ ಪಾತ್ರವಾಗಿ ಒಟ್ಟಿಗೆ ಆಡುವ ಒಂದು ಆಟ ಇದೆಯಂತೆ. ಯೋಧ ಆಗಬಹುದಂತೆ, ಮಂತ್ರವಾದಿ ಆಗಬಹುದಂತೆ. ತಿಂಗಳಿಗೆ ಚಂದಾ ಇದೆ. ಸೇರಿದರೆ ಹೇಗೆ? ತಿಳಿದವರು ನೋಡಿ ಹೇಳಿದರೆ ಉಪಕಾರ.’

ಸಾಮಾನ್ಯವಾಗಿ ಇಂಥ ಚೀಟಿ ಯಾವ ವಿಭಾಗಕ್ಕೂ ಸೇರುವುದಿಲ್ಲವಾದ್ದರಿಂದ ಕಸದ ಬುಟ್ಟಿಗೆ ಸೇರುತ್ತದೆ. ಆದರೆ ನಮ್ಮ ಕೈಪಿಡಿಯ ಪ್ರಕಾರ ತಿಂಗಳ ಚಂದಾ ಇರುವುದೆಲ್ಲ ಮಾಸಪತ್ರಿಕೆ. ಮುಖ್ಯ ಗ್ರಂಥಪಾಲಕಿಯವರು ಚೀಟಿಯನ್ನು ಎರಡು ಸಲ ಓದಿ, ಮೂಲೆಯಲ್ಲಿ ‘ನಿಯತಕಾಲಿಕ, ಅಭಿಪ್ರಾಯಕ್ಕಾಗಿ’ ಎಂದು ಷರಾ ಬರೆದು ನನ್ನ ಕಡೆ ತಳ್ಳಿದರು.

“ಇದು ಆಟ ಅಲ್ವಾ ಮೇಡಂ?” ಎಂದೆ.

“ಚಂದಾ ಇದ್ಯಲ್ಲ.”

“ಇದೆ.”

“ಮತ್ತೆ?”

ಚೀಟಿ ತೆಗೆದುಕೊಂಡೆ. ಉತ್ತರವಿದ್ದರೂ ಕಾಯಂ ಆಗದ ನೌಕರ ಅದನ್ನು ಹೇಳುವುದು ವಾಡಿಕೆಯಲ್ಲ.

ಇಲ್ಲಿ ನಿಯಮ ಹದಿನಾಲ್ಕನ್ನು ಹೇಳಲೇಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ‘ಅಭಿಪ್ರಾಯ ಬರೆಯುವ ನೌಕರನು ಸದರಿ ಪ್ರಕಟಣೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸ್ವತಃ ಓದಿರತಕ್ಕದ್ದು. ಅಲ್ಲಿಯವರೆಗೆ ಅವನು ಅದರ ಬಗ್ಗೆ ಲಿಖಿತವಾಗಿಯಾಗಲಿ, ಬಾಯಿಮಾತಿನಲ್ಲಾಗಲಿ, ಮನಸ್ಸಿನಲ್ಲಾಗಲಿ ಯಾವ ಅಭಿಪ್ರಾಯವನ್ನೂ ಹೊಂದಿರತಕ್ಕದ್ದಲ್ಲ.’ ಹಿಂದೊಬ್ಬ ಸಹಾಯಕ ಬರೀ ಮುಖಪುಟ ನೋಡಿ ಒಂದು ಹಾಸ್ಯಪತ್ರಿಕೆಯನ್ನು ಶಿಫಾರಸು ಮಾಡಿದ್ದನಂತೆ. ಅದರ ಕೊನೆಯ ಪುಟದಲ್ಲಿ ಆಗಿನ ಮುಖ್ಯಸ್ಥರ ಹೊಟ್ಟೆಯ ಬಗ್ಗೆ ನಾಲ್ಕು ಸಾಲಿನ ಚುಟುಕವಿತ್ತು. ನಿಯಮ ಆ ವಾರವೇ ಬಂತು. ಹೊಟ್ಟೆ ನಿವೃತ್ತವಾಗಿ ಬಹಳ ವರ್ಷವಾಯಿತು, ನಿಯಮ ಇನ್ನೂ ಸೇವೆಯಲ್ಲಿದೆ.

ಅಭಿಪ್ರಾಯದ ನಮೂನೆಯಲ್ಲಿ ಹನ್ನೊಂದು ಅಂಕಣಗಳಿವೆ. ಕಾಗದದ ಗುಣಮಟ್ಟ ಎಂಬಲ್ಲಿ ‘ಕಾಗದವಿಲ್ಲ’ ಎಂದು ಬರೆದೆ. ಮುದ್ರಣ ದೋಷ ಎಂಬಲ್ಲಿ ‘ಮುದ್ರಣವಿಲ್ಲದಿರುವುದನ್ನು ಬಿಟ್ಟರೆ ಬೇರೆ ದೋಷವಿಲ್ಲ’ ಎಂದು ಬರೆದೆ. ಹೊಲಿಗೆ ಮತ್ತು ಬೆನ್ನು ಎಂಬ ಅಂಕಣಕ್ಕೆ ಪುಸ್ತಕಗಳಿಗೆ ರಟ್ಟು ಹೊಲಿಯುವ ನಮ್ಮ ಬೈಂಡರ್ ಸಹಿ ಹಾಕಬೇಕು. ಅವರು ಗೋಂದಿನ ಕೈ ಒರೆಸಿಕೊಳ್ಳುತ್ತ ಬಂದು ಕಂಪ್ಯೂಟರನ್ನು ಮುಂದಿನಿಂದ ನೋಡಿದರು, ತಿರುಗಿಸಿ ಹಿಂದಿನಿಂದ ನೋಡಿದರು, ಎರಡು ಬಾರಿ ತಟ್ಟಿದರು. ಬೈಂಡಿಂಗ್ ಅಗತ್ಯವಿಲ್ಲ ಎಂದು ಬರೆದರೆ ಸಾಕು ಎಂದು ನಾನು ವಿನಯದಿಂದ ಸೂಚಿಸಿದೆ.

“ಏನಪ್ಪಾ, ಒಳ್ಳೆ ಸಲಹೆ ಕೊಡ್ತೀಯಲ್ಲ. ಇವತ್ತು ಬೈಂಡಿಂಗ್ ಬೇಡ ಅಂತ ಬರೆದ್ರೆ ನಾಳೆ ಬೈಂಡರೂ ಬೇಡ ಅಂತಾರೆ.”

ಅವರು ‘ಬೆನ್ನು ಗಟ್ಟಿಯಾಗಿದೆ, ಹೊಲಿಗೆ ಕಣ್ಣಿಗೆ ಕಾಣದಷ್ಟು ನಯ’ ಎಂದು ಬರೆದು ಸಹಿ ಮಾಡಿದರು. ನೌಕರಿಯ ಬಗ್ಗೆ ನನಗಿಂತ ಅವರಿಗೆ ಎಷ್ಟು ಹೆಚ್ಚು ತಿಳಿದಿತ್ತೆಂಬುದು ಆಗ ನನಗೆ ಹೊಳೆಯಲಿಲ್ಲ.

ಉಳಿದದ್ದು ಓದುವುದು, ಅಂದರೆ ಆಡುವುದು. ಆಟದಲ್ಲಿ ಇಪ್ಪತ್ತನೆಯ ಹಂತದವರೆಗೆ ಪುಕ್ಕಟೆ, ಮುಂದಕ್ಕೆ ಚಂದಾ. ಮೊದಲು ಒಂದು ಪಾತ್ರ ಆರಿಸಿಕೊಳ್ಳಬೇಕು. ನಾನೇ ಆರಿಸಿಕೊಳ್ಳುವುದು ಉದ್ಧಟತನವೆನಿಸಿ ಕಡತವನ್ನು ಮೇಲಕ್ಕೆ ಕಳಿಸಿದೆ. ಆರು ವಾರದ ನಂತರ ಅದು ಮುಖ್ಯ ಗ್ರಂಥಪಾಲಕಿಯವರ ಷರಾಗಳೊಂದಿಗೆ ಕೆಳಗಿಳಿಯಿತು. ಯೋಧ: ಕೆಲಸದ ವೇಳೆಯಲ್ಲಿ ಆಯುಧ ಹಿಡಿಯಲು ಅವಕಾಶವಿಲ್ಲ. ಮಂತ್ರವಾದಿ: ಮೇಲಧಿಕಾರಿಗಳ ಮೇಲೆ ಪ್ರಯೋಗವಾಗುವ ಸಂಭವವಿದೆ. ಕಳ್ಳ: ಪುಸ್ತಕಗಳು ಈಗಾಗಲೇ ಸಾಕಷ್ಟು ಕಳುವಾಗುತ್ತಿವೆ. ಗಾಯ ವಾಸಿ ಮಾಡುವವನು: ಯಾರಿಗೂ ಹಾನಿಯಿಲ್ಲ, ಇರಲಿ. ಪಾತ್ರಕ್ಕೆ ಹೆಸರೂ ಬೇಕಿತ್ತು. ಅಡ್ಡಹೆಸರಿನಲ್ಲಿ ಕಚೇರಿ ಕೆಲಸ ಮಾಡಬಾರದೆಂಬ ಸುತ್ತೋಲೆ ಇರುವುದರಿಂದ ‘ನಿಯತಕಾಲಿಕ ಸಹಾಯಕ’ ಎಂದೇ ಬರೆದೆ. ಆಟದವರು ಒಪ್ಪಿಕೊಂಡರು.

ಹೀಗೆ ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನಾನು ಹಸಿರು ನಿಲುವಂಗಿ ತೊಟ್ಟು, ಕೈಯಲ್ಲಿ ಕೋಲು ಹಿಡಿದು, ತಲೆಯ ಮೇಲೆ ಹುದ್ದೆಯ ಹೆಸರು ತೇಲಿಸಿಕೊಂಡು ಒಂದು ಊರಿನ ಬಾಗಿಲಲ್ಲಿ ನಿಂತೆ. ಅಲ್ಲಿನ ಕಾವಲುಗಾರ ಹತ್ತು ಇಲಿ ಕೊಂದು ಬಾ ಎಂದ. ಲಿಖಿತ ಆದೇಶ ಕೊಡುತ್ತೀರಾ ಎಂದು ಕೇಳಲು ನೋಡಿದೆ, ಅದಕ್ಕೆ ಗುಂಡಿ ಇರಲಿಲ್ಲ. ಬೇರೆಯವರು ಐದು ನಿಮಿಷದಲ್ಲಿ ಮುಗಿಸುವ ಈ ಕೆಲಸಕ್ಕೆ ನನಗೆ ಒಂಬತ್ತು ದಿನ ಹಿಡಿಯಿತು. ಕಾರಣವೇನೆಂದರೆ, ಹೊಡೆಯುವ ಗುಂಡಿಯ ಪಕ್ಕದಲ್ಲೇ ಚಿಕಿತ್ಸೆಯ ಗುಂಡಿ ಇದೆ. ಸಾಯಲು ಬಂದ ಇಲಿಗೆ ನಾನೇ ಚಿಕಿತ್ಸೆ ಕೊಡುತ್ತಿದ್ದೆ, ಗುಣವಾದ ಇಲಿ ನನ್ನನ್ನು ಕಚ್ಚಿ ಕೊಲ್ಲುತ್ತಿತ್ತು. ಹೀಗೆ ಮೂವತ್ತೆಂಟು ಸಲ ಸತ್ತೆ. ಪ್ರತಿ ಸಲವೂ ಹಾಜರಿ ಪುಸ್ತಕದಲ್ಲಿ ನಮೂದಿಸಬೇಕೇ ಎಂದು ಕೇಳಿದ್ದಕ್ಕೆ, ಊಟದ ಬಿಡುವಿನಲ್ಲಿ ಸತ್ತರೆ ಬೇಡ ಎಂಬ ಸ್ಪಷ್ಟನೆ ಬಂತು.

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮೂರನೆಯ ದಿನ, ಇಲಿಗಳಿಂದ ತಪ್ಪಿಸಿಕೊಂಡು ಓಡುವಾಗ ದಾರಿ ತಪ್ಪಿ ಒಂದು ನದಿಯ ದಂಡೆಗೆ ಬಂದೆ. ಅಲ್ಲಿ ಯಾರೋ ಇಬ್ಬರು ಸುಮ್ಮನೆ ಕೂತಿದ್ದರು. ಒಬ್ಬರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಕಾಲು ಚಾಚಿ ಕೂತೆ. ನನ್ನ ಕಾಲು ಪೂರ್ತಿ ಚಾಚಿ ಎಷ್ಟೋ ತಿಂಗಳಾಗಿತ್ತು. ಆಗ ನನ್ನ ಮನಸ್ಸಿನಲ್ಲಿ ಒಂದು ಅಭಿಪ್ರಾಯ ಮೂಡಿತು. ನಿಯಮ ಹದಿನಾಲ್ಕು ನೆನಪಾಗಿ ತಕ್ಷಣ ಅದನ್ನು ಅದುಮಿದೆ.

ಏಳನೆಯ ತಿಂಗಳಿಗೆ ಇಪ್ಪತ್ತನೆಯ ಹಂತ ತಲುಪಿದೆ. ಅಲ್ಲೊಂದು ದೊಡ್ಡ ಗೇಟು. ಚಂದಾ ಕಟ್ಟಿದವರಿಗೆ ಮಾತ್ರ ತೆರೆಯುತ್ತದೆ. ನಮ್ಮಲ್ಲಿ ಚಂದಾ ಕಟ್ಟಬೇಕಾದರೆ ಮೊದಲು ಅಭಿಪ್ರಾಯ ಬರಬೇಕು. ಅಭಿಪ್ರಾಯ ಬರಬೇಕಾದರೆ ಕೊನೆಯವರೆಗೆ ನೋಡಿರಬೇಕು. ಕೊನೆ ಇರುವುದು ಗೇಟಿನ ಆಚೆ. ಇದನ್ನು ಟಿಪ್ಪಣಿಯಲ್ಲಿ ವಿವರಿಸಿ, ಗೇಟಿನ ಚಿತ್ರವನ್ನೂ ಲಗತ್ತಿಸಿ ಮೇಲಕ್ಕೆ ಕಳಿಸಿದೆ. ಮುಖ್ಯ ಗ್ರಂಥಪಾಲಕಿಯವರು ಇದರಲ್ಲಿ ತೊಡಕೇನೂ ಕಾಣದೆ, ನಿರ್ಧಾರವಾಗುವವರೆಗೆ ನೌಕರನು ಗೇಟಿನ ಬಳಿಯೇ ಹಾಜರಿರತಕ್ಕದ್ದು ಎಂದು ಬರೆದರು.

ದಿನವೂ ಹತ್ತರಿಂದ ಐದರವರೆಗೆ ಗೇಟಿನ ಬಳಿ ನಿಂತೆ. ಬರುವವರ ಗಾಯ ವಾಸಿ ಮಾಡುತ್ತಿದ್ದೆ. ಒಂದು ದಿನ ಎರಡಾಳೆತ್ತರದ ಯೋಧನೊಬ್ಬ, ಭುಜದ ಮೇಲೆ ಉರಿಯುವ ಖಡ್ಗ ಹೊತ್ತು, ಗೇಟಿನ ಒಳಗಿನಿಂದ ಬಂದು ನನ್ನ ಮುಂದೆ ನಿಂತ. ನಾನು ಅಭ್ಯಾಸಬಲದಿಂದ ಸಾಯಲು ಸಿದ್ಧನಾದೆ. ಆಗ ಪರದೆಯ ಮೇಲೆ ಅಕ್ಷರಗಳು ಮೂಡಿದವು.

“ನಮಸ್ಕಾರ ಸರ್. ನಾನು ಕನ್ನಡಕದ ಅಂಗಡಿಯವನು. ನಮ್ಮ ಚೀಟಿ ಏನಾಯ್ತು?”

ನೀವು ಆಗಲೇ ಚಂದಾ ಕಟ್ಟಿ ಸೇರಿಬಿಟ್ಟಿದ್ದೀರಲ್ಲ ಎಂದು ಕೇಳಿದೆ. ಐದು ತಿಂಗಳಾಯಿತು, ಎರಡು ಕೋಟೆ ಗೆದ್ದಿದ್ದೇನೆ, ಅಲ್ಲೇ ಒಂದು ಮನೆಯೂ ಕಟ್ಟಿಸಿದ್ದೇನೆ ಎಂದರು.

“ಆದ್ರೆ ಸೇರಬೇಕೋ ಬೇಡ್ವೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ ಸರ್. ನಿಮ್ಮ ಅಭಿಪ್ರಾಯ ಬರ್ಲಿ ಅಂತ ಕಾಯ್ತಿದ್ದೀನಿ.”

ವರ್ಷ ಮುಗಿಯಲು ಹತ್ತು ವಾರ ಉಳಿದಿತ್ತು. ಕೊನೆಯ ಪುಟ ಯಾವುದೆಂದು ತಿಳಿಸಬೇಕಾಗಿ ಕೋರಿ ಆಟದ ಕಂಪನಿಗೆ ಪತ್ರ ಬರೆದೆವು. ಅವರು ಬಹಳ ಸಂತೋಷದಿಂದ ಉತ್ತರಿಸಿದರು: ಎರಡು ವರ್ಷಕ್ಕೊಮ್ಮೆ ಹೊಸ ದೇಶಗಳು ಸೇರುತ್ತಲೇ ಇರುತ್ತವೆ, ನಿಮ್ಮ ಸಾಹಸ ಎಂದೆಂದಿಗೂ ಮುಗಿಯದು ಎಂದು ಮಾತು ಕೊಡುತ್ತೇವೆ. ಪತ್ರವನ್ನು ಮನೆಗೆ ತಂದು ಅಕ್ಕನಿಗೂ ಭಾವನಿಗೂ ಓದಿ ಹೇಳಿದೆ.

“ಪೂರ್ತಿ ನೋಡಿದೀನಿ ಅಂತ ಬರೆದು ಬಿಸಾಕೋ. ಯಾರು ಕೇಳ್ತಾರೆ?” ಎಂದಳು ಅಕ್ಕ.

“ಕೊನೇ ಪುಟದಲ್ಲಿ ಏನಾದ್ರೂ ಇದ್ರೆ?”

“ಕೊನೇ ಪುಟಾನೇ ಇಲ್ಲ ಅಂದ್ಯಲ್ಲೋ.”

“ಅದಕ್ಕೇ ಭಯ.”

ಅಕ್ಕ ಭಾವನ ಮುಖ ನೋಡಿದಳು. ಭಾವ ಎದ್ದು ಹೋಗಿ ಪೇಪರಿನ ಪುಟ ಮಡಚಿದರು. ಅಂದು ಬುಧವಾರವಾಗಿತ್ತು.

ವರ್ಷದ ಕೊನೆಯ ದಿನ ನನ್ನನ್ನು ಆಡಳಿತ ಮಂಡಳಿಯ ಮುಂದೆ ಕರೆದರು. ಬೀಗದ ಕೈಯನ್ನು ಒರೆಸಿ, ಹೊಸ ದಾರ ಕಟ್ಟಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅಧ್ಯಕ್ಷರು ನಿವೃತ್ತ ಇಂಜಿನಿಯರ್. ಒಂದೇ ಸೇತುವೆಯ ಮೇಲೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ಅದು ಮುಗಿಯುವ ಮೊದಲೇ ಗೌರವದಿಂದ ನಿವೃತ್ತರಾದವರು. ಕಡತವನ್ನು ಹಾಳೆ ಹಾಳೆಯಾಗಿ ಮಗುಚಿದರು. ಬೈಂಡರ್ ಬರೆದದ್ದನ್ನು ಓದಿ ತಲೆದೂಗಿದರು. ಕಂಪನಿಯ ಪತ್ರದ ಬಳಿ ನಿಂತರು.

“ಈ ಕೆಲಸ ಮುಗಿಯೋದು ಯಾವಾಗ?”

“ಮುಗಿಯಲ್ಲ ಸರ್.” ನನ್ನ ದನಿ ನನಗೇ ಕೇಳಿಸಲಿಲ್ಲ, ಆದ್ದರಿಂದ ಇನ್ನೊಮ್ಮೆ ಹೇಳಿದೆ.

“ಯಾವತ್ತೂ?”

“ಅವರೇ ಬರೆದು ಕೊಟ್ಟಿದ್ದಾರೆ ಸರ್.”

ಅಧ್ಯಕ್ಷರು ಕಡತದಿಂದ ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಸ್ವಲ್ಪ ಅಸೂಯೆ ಇತ್ತು. ಆಮೇಲೆ ಮುಖ್ಯ ಗ್ರಂಥಪಾಲಕಿಯವರ ಕಡೆ ತಿರುಗಿ, “ಮುಗಿಯದೇ ಇರೋ ಕೆಲಸಕ್ಕೆ ಮುಗಿದು ಹೋಗೋ ನೌಕರನನ್ನ ಹೇಗಮ್ಮಾ ಇಟ್ಕೊಂಡ್ರಿ?” ಎಂದರು.

ತಪ್ಪಾಯಿತೆಂದು ಅವರು ಒಪ್ಪಿಕೊಂಡರು. ಆದೇಶ ಅಲ್ಲೇ ಟೈಪಾಯಿತು: ‘ಸದರಿ ಆಟದ ಬಗ್ಗೆ ಅಭಿಪ್ರಾಯ ಮೂಡುವವರೆಗೆ ಈ ನೌಕರನನ್ನು ಕಾಯಂಗೊಳಿಸಲಾಗಿದೆ.’

ಈಗ ನನಗೊಂದು ಬಾಡಿಗೆ ಕೋಣೆ ಇದೆ, ಆರೂಕಾಲು ಅಡಿಯ ಮಂಚವಿದೆ. ಗೇಟಿನ ಬಳಿ ನನ್ನ ಹಾಜರಿ ಎಂದಿನಂತೆ ನಡೆದಿದೆ. ವಿಷಯ ಹರಡಿ ಇನ್ನೂ ನೂರಾರು ಜನ ಇದೇ ಆಟದ ಬಗ್ಗೆ ಚೀಟಿ ಹಾಕಿದ್ದರಿಂದ ಟೋಕನ್ ಪದ್ಧತಿ ಬಂದಿದೆ. ಓದುವ ಕೋಣೆಯ ಅರ್ಧ ಭಾಗವನ್ನು ಅಭಿಪ್ರಾಯಕ್ಕಾಗಿ ಕಾಯುವವರಿಗೆ ಬಿಟ್ಟುಕೊಡಲಾಗಿದೆ. ಪತ್ರಿಕೆಗಳ ಸದ್ದಿನಿಂದ ತಮಗೆ ತೊಂದರೆಯಾಗುತ್ತದೆಂದು ಅವರು ಕೇಳಿಕೊಂಡ ಮೇಲೆ ಪತ್ರಿಕೆ ತರಿಸುವುದನ್ನು ನಿಲ್ಲಿಸಿದ್ದೇವೆ.

ಕಳೆದ ಶನಿವಾರ ಕನ್ನಡಕದ ಅಂಗಡಿಯವರ ಸರದಿ ಬಂತು. ಕುರ್ಚಿ ಎಳೆದುಕೊಂಡು ಕೂತರು. ಆಟದೊಳಗೆ ಯುದ್ಧವೆಲ್ಲ ಬಿಟ್ಟು ಹೊಸಬರಿಗೆ ಕತ್ತಿ ಹಿಡಿಯುವುದನ್ನು ಹೇಳಿಕೊಡುತ್ತಿದ್ದಾರಂತೆ, ಮನೆಗೆ ಮಹಡಿ ಹಾಕಿಸಿದ್ದಾರಂತೆ. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಫೈಲು ಪಕ್ಕಕ್ಕಿಡಿ ಸರ್. ನಿಮಗೆ ಏನನ್ಸುತ್ತೆ, ಅದನ್ನ ಹೇಳಿ. ಚೆನ್ನಾಗಿದ್ಯಾ?”

ಮನುಷ್ಯನನ್ನು ಮನುಷ್ಯ ಕೇಳುವ ಹಾಗೆ ಕೇಳಿದ್ದರು. ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಉತ್ತರ ನಾಲಿಗೆಯ ತುದಿಯಲ್ಲಿತ್ತು, ಒಂದೇ ಒಂದು ಪದ. ಆದರೆ ಆದೇಶದಲ್ಲಿ ‘ಮೂಡುವವರೆಗೆ’ ಎಂದಿದೆ. ನನ್ನ ಮಂಚವೂ ನೆನಪಿಗೆ ಬಂತು.

“ಇನ್ನೂ ಪೂರ್ತಿ ನೋಡಿಲ್ಲ” ಎಂದೆ.

ಅವರ ಮುಖದಲ್ಲಿ ನಿರಾಳ ಕಾಣಿಸಿತು. “ಹಾಗೇ ಮಾಡಿ ಸರ್, ಅವಸರ ಇಲ್ಲ. ಅರ್ಧಂಬರ್ಧ ನೋಡಿ ಮಾತಾಡೋರೇ ಜಾಸ್ತಿ ಈಗ” ಎಂದು ಎದ್ದು ಕೈ ಕುಲುಕಿ, ಮುಂದಿನ ತಿಂಗಳ ಟೋಕನ್ ತೆಗೆದುಕೊಂಡು ಹೋದರು.