ಜಗಳವಾಡಿದರೆ ಮಾತ್ರ ಹೊರಡುವ ಕಾರು

ಕಾರು ಕೊಳ್ಳಬೇಕೆಂಬ ದಿವ್ಯವಾದ ಆಲೋಚನೆ ಮೌನಿ ಸಾಹೇಬರಿಗೆ ಹೊಳೆದದ್ದು ಬಸ್ಸಿನಲ್ಲಿ, ಯಾರದೋ ಮೊಣಕೈ ಅವರ ಪಕ್ಕೆಲುಬಿಗೆ ಒತ್ತಿಕೊಂಡು ಖಾಯಂ ವಾಸಕ್ಕೆ ಸಿದ್ಧವಾಗುತ್ತಿದ್ದಾಗ.

ಸಾಹೇಬರು ಊರ ಗ್ರಂಥಾಲಯದ ಗ್ರಂಥಪಾಲಕರು. ಅಲ್ಲಿ ಯಾರಾದರೂ ಕೆಮ್ಮಿದರೂ ತಲೆಯೆತ್ತಿ ನೋಡುವುದು ಅವರ ಕೆಲಸ. ಮನೆಯಲ್ಲೂ ಹಾಗೆಯೇ. ಇಡೀ ದಿನ ಅವರು ಆಡುವ ಮಾತನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಪೋಸ್ಟ್‌ಕಾರ್ಡ್ ತುಂಬುವುದು ಕಷ್ಟವಿತ್ತು. ಅದಕ್ಕೇ ಬೀದಿಯವರು ಅವರಿಗೆ ಮೌನಿ ಸಾಹೇಬರೆಂದು ಹೆಸರಿಟ್ಟಿದ್ದರು. ದೇವರು ತೂಕ ಸರಿ ಮಾಡಲೆಂದೋ ಏನೋ ಅವರಿಗೆ ಜೋಡಿ ಮಾಡಿದ್ದು ಹೈಸ್ಕೂಲಿನ ಪೀಟಿ ಮೇಡಂ ಅವರನ್ನು. ಮೇಡಂ ಮೈದಾನದಲ್ಲಿ ನಿಂತು "ಎಡಕ್ಕೆ ತಿರುಗ್!" ಎಂದರೆ ಕಾಂಪೌಂಡಿನಾಚೆ ರಸ್ತೆಯಲ್ಲಿ ಹೋಗುವ ಸೈಕಲ್ಲುಗಳೂ ಎಡಕ್ಕೆ ತಿರುಗುತ್ತಿದ್ದವು.

ಕಾರನ್ನು ಮಾರಿದ್ದು ಸಾಹೇಬರ ಕಚೇರಿಯ ಲೆಕ್ಕಿಗ. ಪುಟ್ಟ ಕಾರು, ಹಳೆಯದು. "ನಂಬಿಕಸ್ಥ ಗಾಡಿ ಸಾರ್, ಮನೆಮಗಳ ಹಾಗೆ ನೋಡ್ಕೊಂಡಿದ್ದೀನಿ" ಎಂದು ಲೆಕ್ಕಿಗ ಕಣ್ಣೊರೆಸಿಕೊಂಡಿದ್ದ.

"ಮನೆಮಗಳಾದ್ರೆ ಯಾಕ್ರೀ ಮಾರ್ತಾರೆ?" ಎಂದರು ಮೇಡಂ.

ಸಾಹೇಬರು ಎಂದಿನಂತೆ 'ಹ್ಞೂಂ' ಎಂದು ದುಡ್ಡು ಎಣಿಸಿಕೊಟ್ಟರು.

ಕಾರಿನ ಗುಣಗಳು ಒಂದೊಂದಾಗಿ ಬೆಳಕಿಗೆ ಬಂದವು. ಪೆಟ್ರೋಲ್ ಮುಳ್ಳು ಟ್ಯಾಂಕು ಒಣಗಿದಾಗಲೂ 'ತುಂಬಿದೆ' ಎಂದೇ ತೋರಿಸುತ್ತಿತ್ತು (ಇಂಥ ಆಶಾವಾದಿಯನ್ನು ಸಾಹೇಬರು ಪುಸ್ತಕಗಳಲ್ಲೂ ಕಂಡಿರಲಿಲ್ಲ). ಇಳಿಸಿದ ಕಿಟಕಿಗಾಜು ಮತ್ತೆ ಏರುತ್ತಿರಲಿಲ್ಲ. ಏರಿದ ಗಾಜು ಇಳಿಯುತ್ತಿರಲಿಲ್ಲ. ಏಸಿ ಬೇಸಿಗೆಯಲ್ಲಿ ಬಿಸಿಗಾಳಿಯನ್ನು ಧಾರಾಳವಾಗಿ ದಾನ ಮಾಡುತ್ತಿತ್ತು. ವೈಪರು ಗಾಜನ್ನು ಒರೆಸುವ ಬದಲು ಗಾಜಿಗೆ ಟಾಟಾ ಮಾಡುತ್ತಿತ್ತು. ಇವನ್ನೆಲ್ಲ ಸಾಹೇಬರು ಸಹಿಸಿಕೊಂಡರು. ಸಹಿಸಲಾಗದ್ದು ಒಂದೇ: ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ.

ಮೊದಲ ಸಲ ಹಾಗಾದ ದಿನ ಇಬ್ಬರೂ ಕಾರಿನಲ್ಲಿ ಕುಳಿತಿದ್ದರು. ಸಾಹೇಬರು ಕೀಲಿ ತಿರುಗಿಸಿದರು. ಟಿಕ್ ಎಂದಿತು. ಮತ್ತೆ ತಿರುಗಿಸಿದರು. ಮತ್ತೆ ಟಿಕ್.

"ಬಡ್ಕೊಂಡೆ ನಾನು," ಎಂದರು ಮೇಡಂ. "ಆ ಲೆಕ್ಕಿಗನ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ನನ್ನ ಮಾತು ಯಾವತ್ತು ಕೇಳಿದ್ದೀರಿ? ಹೇಳ್ರೀ, ಒಂದೇ ಒಂದು ಸಲ!"

"ಸ್ವಲ್ಪ ಮೆತ್ತಗೆ..."

"ಮೆತ್ತಗೆ ಅಂತೆ ಮೆತ್ತಗೆ! ನಾನು ಬಸ್ಸಿಗೇ ಹೋಗ್ತೀನಿ." ಮೇಡಂ ಇಳಿದು, ಬಾಗಿಲು ಬಡಿದು, ನಾಲ್ಕು ಹೆಜ್ಜೆ ಹೋದರು. ಹತಾಶರಾದ ಸಾಹೇಬರು ಕೀಲಿ ತಿರುಗಿಸಿದರು. ಕಾರು ಗುರ್ರ್ ಎಂದು ಎದ್ದು ಕೂತಿತು.

ಎರಡನೆಯ ದಿನವೂ ಹೀಗೇ ಆಯಿತು. ಮರುದಿನವೂ ಆಯಿತು. ಬೈಗುಳಕ್ಕೆ ಮುಂಚೆ ಟಿಕ್, ಬೈಗುಳದ ನಂತರ ಗುರ್ರ್. ಜೀವಮಾನವೆಲ್ಲ ಪುಸ್ತಕಗಳನ್ನು ವಿಷಯವಾರು ವಿಂಗಡಿಸಿದ ಸಾಹೇಬರ ತಲೆಯಲ್ಲಿ ಮಹಾಸಿದ್ಧಾಂತವೊಂದು ಉದಯಿಸಿತು. ಇದು ಪೆಟ್ರೋಲಿನಿಂದ ಓಡುವ ಗಾಡಿಯಲ್ಲ; ಕಲಹಚಾಲಿತ ವಾಹನ.

ಗ್ಯಾರೇಜಿನ ಮೇಸ್ತ್ರಿ ಕಾರನ್ನು ನೋಡಿ ಬಾನೆಟ್ಟಿನೊಳಗೆ ತಲೆ ತೂರಿಸಿದ. ತುಂಬಾ ಹೊತ್ತು ಹ್ಞೂಂಗುಟ್ಟಿದ. ಕೊನೆಗೆ ಬಾನೆಟ್ಟನ್ನು ದಢಾರನೆ ಮುಚ್ಚಿ ಕೀಲಿ ತಿರುಗಿಸಿದರೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್.

"ಗಾಡಿ ಚೆನ್ನಾಗೇ ಇದೆಯಲ್ಲ ಸಾರ್?"

"ಮನೇಲಿ ಆಗಲ್ಲಪ್ಪ. ಜಗಳ ಆಡಿದ್ರೆ ಮಾತ್ರ ಆಗತ್ತೆ."

ಮೇಸ್ತ್ರಿ ಗಲ್ಲ ಕೆರೆದುಕೊಂಡ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. "ಕಂಪನ ಸಾರ್," ಎಂದ ಗಂಭೀರವಾಗಿ. "ದನಿಯ ಕಂಪನ. ಈ ಸಣ್ಣ ಗಾಡಿಗಳು ಭಾರೀ ಸೂಕ್ಷ್ಮ. ಅಮ್ಮಾವ್ರ ದನಿ ಇದಕ್ಕೆ ಒಗ್ಗಿದೆ. ಬದಲಾಯಿಸೋಕೆ ಹೋಗ್ಬೇಡಿ."

ಹೀಗೆ ಮೌನಿ ಸಾಹೇಬರ ಕಲಹಪರ್ವ ಶುರುವಾಯಿತು. ಬೆಳಿಗ್ಗೆ ಗೇಟಿನ ಮುಂದೆ ಒಂದು ಜಗಳ. ಸಂಜೆ ಮೇಡಂ ಸ್ಕೂಲು ಮುಗಿಸಿ ಗ್ರಂಥಾಲಯಕ್ಕೆ ನಡೆದು ಬಂದಾಗ ಇನ್ನೊಂದು. ಸುಳ್ಳು ಜಗಳಕ್ಕೆ ಗಾಡಿ ಬಗ್ಗುತ್ತಿರಲಿಲ್ಲ. ಒಮ್ಮೆ ಸಾಹೇಬರು "ನೀನು ಸರಿ ಇಲ್ಲ" ಎಂದು ಕಂಠಪಾಠ ಒಪ್ಪಿಸಿದಂತೆ ಹೇಳಿದ್ದಕ್ಕೆ ಮೇಡಂ ಕಿಸಕ್ಕನೆ ನಕ್ಕು ಬಾಗಿಲನ್ನು ನವಿರಾಗಿ ಎಳೆದುಕೊಂಡರು. ಗಾಡಿ ಟಿಕ್ ಎಂದಿತಷ್ಟೆ. ಕಾರಿಗೂ ಅಸಲಿ ನಕಲಿ ತಿಳಿಯುತ್ತದೆಂದು ಸಾಹೇಬರು ಬೆರಗಾದರು.

ಆದ್ದರಿಂದ ನಿಜವಾದ ವಿಷಯಗಳೇ ಬೇಕಾದವು.

"ಬಚ್ಚಲ ನಲ್ಲಿ ಸೋರೋಕೆ ಶುರುವಾಗಿ ಎಷ್ಟು ದಿನ ಆಯ್ತು?"

"ನೀನ್ಯಾಕೆ ಭಾನುವಾರ ಬೆಳಿಗ್ಗೆ ಹಾಸಿಗೆಯಲ್ಲೇ ಸೀಟಿ ಊದ್ತೀಯ?"

"ನಾನು ಮಾತಾಡುವಾಗ ಪೇಪರು ಯಾಕೆ ಅಡ್ಡ ಹಿಡೀತೀರಿ?"

"ಪೇಪರು ಅಡ್ಡ ಹಿಡಿದ್ರೂ ನಿನ್ನ ದನಿ ಕೇಳತ್ತಲ್ಲ, ಇನ್ನೇನು ಬೇಕು?"

ಈ ಕೊನೆಯ ಮಾತು ತಮ್ಮ ಬಾಯಿಂದಲೇ ಬಂದದ್ದೆಂದು ಸಾಹೇಬರಿಗೆ ನಂಬಲಾಗಲಿಲ್ಲ. ಮೇಡಂ ಬಾಗಿಲು ಬಡಿದರು, ಗಾಡಿ ಹೊರಟಿತು. ಸಾಹೇಬರು ಆ ದಿನವೆಲ್ಲ ಒಂಥರಾ ಹುರುಪಿನಲ್ಲಿದ್ದರು. ಗ್ರಂಥಾಲಯದಲ್ಲಿ ಪುಟ ಮಡಚುತ್ತಿದ್ದ ಓದುಗನೊಬ್ಬನಿಗೆ "ಏಯ್!" ಎಂದು ಗದರಿದರು. ಓದುಗನ ಕನ್ನಡಕ ಕೆಳಗೆ ಬಿತ್ತು. ಸಂಜೆ ಮನೆಗೆ ಹೋಗಿ ಸಾಹೇಬರೇ ಬಚ್ಚಲ ನಲ್ಲಿಯನ್ನು ರಿಪೇರಿ ಮಾಡಿದರು. ಅದಾದ ಮೇಲೆ, ಛೆ, ಒಂದು ಒಳ್ಳೆಯ ಜಗಳದ ವಿಷಯ ಕೈತಪ್ಪಿತಲ್ಲ ಎಂದು ಮರುಗಿದರು.

ಇಷ್ಟರಲ್ಲಿ ವಿಷಯ ಕೆಳಮನೆಯ ಜಡ್ಜರ ಕಿವಿಗೆ ಬಿತ್ತು. ಬಿತ್ತು ಎನ್ನುವುದಕ್ಕಿಂತ ದಿನಾ ಬೆಳಿಗ್ಗೆ ಬಂದು ಅಪ್ಪಳಿಸುತ್ತಿತ್ತು. ಜಡ್ಜರು ನಿವೃತ್ತರಾಗಿದ್ದರೂ ಅವರ ತೀರ್ಪುಗಳು ನಿವೃತ್ತವಾಗಿರಲಿಲ್ಲ. ತರಕಾರಿಯವನ ತಕ್ಕಡಿಯಿಂದ ಹಿಡಿದು ಬೀದಿನಾಯಿಗಳ ಗಡಿವಿವಾದದವರೆಗೆ ಎಲ್ಲಕ್ಕೂ ತೀರ್ಪು ಕೊಡುತ್ತಿದ್ದರು. ಒಂದು ಬೆಳಿಗ್ಗೆ ಅವರು ಪಾಯಿಜಾಮದಲ್ಲೇ ಬಂದು ಕಾರಿನ ಹಿಂಬದಿಯಲ್ಲಿ ಕೂತುಬಿಟ್ಟರು.

"ಈ ಪ್ರಕರಣ ಇವತ್ತು ಇತ್ಯರ್ಥ ಆಗ್ಲೇಬೇಕು. ಅಮ್ಮಾ, ನಿಮ್ಮ ದೂರೇನು?"

ದುರದೃಷ್ಟವೆಂದರೆ ಅದೇ ದಿನ ಗ್ರಂಥಾಲಯದ ತಪಾಸಣೆಗೆ ನಿರ್ದೇಶಕರು ಬರುವವರಿದ್ದರು. ಸಾಹೇಬರ ಬಡ್ತಿ ಅವರ ಕೈಯಲ್ಲಿತ್ತು. ಗ್ರಂಥಾಲಯದ ಬೀಗದ ಕೈ ಸಾಹೇಬರ ಜೇಬಿನಲ್ಲಿತ್ತು.

"ಸಾರ್, ಇವತ್ತೊಂದು ದಿನ ನಮ್ಮನ್ನ ಜಗಳ ಆಡೋಕೆ ಬಿಡಿ," ಎಂದು ಸಾಹೇಬರು ಕೈಮುಗಿದರು.

"ನನ್ನ ಸಮ್ಮುಖದಲ್ಲಿ? ಸಾಧ್ಯವೇ ಇಲ್ಲ!" ಜಡ್ಜರು ದಾಂಪತ್ಯದ ಮಹತ್ವದ ಬಗ್ಗೆ ಭಾಷಣ ಶುರು ಮಾಡಿದರು. ಅದರಲ್ಲಿ ಹೂವಿತ್ತು, ಪರಿಮಳವಿತ್ತು, ಎತ್ತಿನಗಾಡಿಯ ಎರಡು ಚಕ್ರಗಳಿದ್ದವು. ಕೇಳುತ್ತ ಕೇಳುತ್ತ ಮೇಡಂ ಮುಖ ಮೃದುವಾಯಿತು. "ನಲ್ಲಿ ರಿಪೇರಿ ಮಾಡಿದ್ರು ಸಾರ್, ಪಾಪ," ಎಂದು ಸಾಹೇಬರ ಕಡೆ ಸಾಕ್ಷಿಯನ್ನೂ ನುಡಿದರು. ಪ್ರೀತಿಯಿಂದ ಬಾಗಿಲನ್ನು ಮೆಲ್ಲಗೆ ಹಾಕಿಕೊಂಡರು.

ಸಾಹೇಬರು ಕೀಲಿ ತಿರುಗಿಸಿದರು. ಟಿಕ್.

"ನೋಡಿದ್ರಾ! ಹಾಳು ಮಾಡಿದ್ರಿ!" ಸಾಹೇಬರೊಳಗಿಂದ ಅವರಿಗೇ ಪರಿಚಯವಿಲ್ಲದ ದನಿಯೊಂದು ಹೊರಬಂತು. "ನಿಮ್ಮ ತೀರ್ಪು ಯಾರಿಗ್ರೀ ಬೇಕು? ಕೋರ್ಟಿನಲ್ಲಿ ಗಂಡಹೆಂಡಿರನ್ನ ಬೇರೆ ಮಾಡ್ತಾ ಇದ್ದೋರು ಇಲ್ಲಿ ಬಂದು ಸೇರಿಸ್ತೀರಾ? ಇಳೀರಿ ಮೊದಲು!"

ಜಡ್ಜರ ಮೀಸೆ ನಡುಗಿತು. "ಇದು ನ್ಯಾಯಾಂಗ ನಿಂದನೆ!" ಎಂದು ಗುಡುಗಿ ಇಳಿದು ಬಾಗಿಲು ಬಡಿದರು. ಕಾರು ಆನಂದದಿಂದ ಗುರ್ರ್ ಎಂದಿತು.

ದಾರಿಯುದ್ದಕ್ಕೂ ಸಾಹೇಬರು ಸಿಳ್ಳೆ ಹಾಕಿದರು. ಸಿದ್ಧಾಂತ ವಿಸ್ತಾರಗೊಂಡಿತ್ತು: ಜಗಳ ಹೆಂಡತಿಯೊಂದಿಗೇ ಆಗಬೇಕೆಂದಿಲ್ಲ, ಯಾರೊಂದಿಗಾದರೂ ಆದೀತು! ಪಕ್ಕದಲ್ಲಿ ಮೇಡಂ ಕಿಟಕಿಯ ಹೊರಗೆ ನೋಡುತ್ತ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

ತಪಾಸಣೆ ಸೊಗಸಾಗಿ ನಡೆಯಿತು. ನಿರ್ದೇಶಕರು ಬಹಳ ನಯದ ಮನುಷ್ಯರು; ಪುಸ್ತಕದ ಮೇಲಿನ ಧೂಳನ್ನು ಕೂಡ ಅನುಮತಿ ಕೇಳಿ ಒರೆಸುವಂಥವರು. "ನಿಮ್ಮ ಗ್ರಂಥಾಲಯದಲ್ಲಿ ಎಷ್ಟು ಶಾಂತಿ ಇದೆ! ನಿಮ್ಮಂಥ ಸೌಮ್ಯ ಸ್ವಭಾವದವರು ಕೇಂದ್ರ ಕಚೇರಿಗೆ ಬೇಕು," ಎಂದರು. ಸಾಹೇಬರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆ ನಿರ್ದೇಶಕರನ್ನು ಕರೆದೊಯ್ಯಲು ಬರುತ್ತಿದ್ದ ಜೀಪು ಎಲ್ಲೋ ಕೆಟ್ಟು ನಿಂತಿತೆಂದು ಅವರಿಗೆ ಫೋನು ಬಂತು. "ನನ್ನನ್ನ ಸ್ವಲ್ಪ ಸ್ಟೇಷನ್ನಿಗೆ ಬಿಡ್ತೀರಾ? ರೈಲಿಗೆ ಹೊತ್ತಾಯ್ತು."

ನಿರ್ದೇಶಕರು ಮುಂದಿನ ಸೀಟಿನಲ್ಲಿ ಕುಳಿತು, ನಿದ್ದೆಯಲ್ಲಿರುವ ಕೂಸಿನ ಕೋಣೆಯ ಬಾಗಿಲು ಹಾಕುವಂತೆ ಕಾರಿನ ಬಾಗಿಲು ಹಾಕಿದರು.

ಟಿಕ್.

 ಸಿದ್ಧಾಂತ ಸಾಹೇಬರ ಕಣ್ಣ ಮುಂದೆ ನಿಂತಿತು. "ಸಾರ್, ದಯವಿಟ್ಟು ತಪ್ಪು ತಿಳ್ಕೋಬೇಡಿ," ಎಂದರು. "ಈಗ ನಾನು ನಿಮ್ಮನ್ನ ಬೈಬೇಕಾಗಿದೆ."

"ಏನಂದ್ರಿ?"

"ನಿಮ್ಮ ರೈಲು ತಪ್ಪಬಾರ್ದು ಅಂತ ಸಾರ್." ಸಾಹೇಬರು ಕಣ್ಣುಮುಚ್ಚಿ ಉಸಿರೆಳೆದುಕೊಂಡರು. "ಏನ್ರೀ ನೀವು ನಿರ್ದೇಶಕರು? ಗೆದ್ದಲು ಹಿಡಿದ ಕಪಾಟು ಬದಲಾಯಿಸಿ ಅಂದ್ರೆ ಗೆದ್ದಲಿನ ಬಗ್ಗೆ ಪುಸ್ತಕ ಕಳಿಸ್ತೀರಿ! ಫ್ಯಾನು ಕೇಳಿದ್ರೆ ಕಿಟಕಿ ತೆಗೀರಿ ಅಂತೀರಿ, ಕಿಟಕಿ ಕೇಳಿದ್ರೆ ಫ್ಯಾನು ಹಾಕ್ಕೊಳ್ಳಿ ಅಂತೀರಿ!"

ಟಿಕ್.

ನಿರ್ದೇಶಕರು ಕರ್ಚೀಫಿನಿಂದ ಕೆನ್ನೆ ಒರೆಸಿಕೊಂಡರಷ್ಟೆ. ಎದುರಾಳಿ ಸಹಕರಿಸದಿದ್ದರೆ ಜಗಳವಾಗುವುದು ಹೇಗೆ? "ನೀವೂ ಏನಾದ್ರೂ ಅನ್ನಿ ಸಾರ್!" ಎಂದು ಸಾಹೇಬರು ಗೋಗರೆದರು. "ನಿಮ್ಮ ಟೈ ನೋಡಿದ್ರೆ ನನಗೆ ನಗು ಬರತ್ತೆ! ಈಗಲಾದ್ರೂ ಸಿಟ್ಟು ಬಂತಾ?"

ಟಿಕ್. ಟಿಕ್.

ಅಷ್ಟರಲ್ಲಿ ಸ್ಕೂಲು ಮುಗಿಸಿ ಬಂದ ಮೇಡಂ ಗೇಟಿನ ಬಳಿ ನಿಂತು ಈ ದೃಶ್ಯ ನೋಡಿದರು. ಓಡಿ ಬಂದು, "ಕ್ಷಮಿಸಿ ಸಾರ್, ಕೈ ಒಳಗಿಟ್ಕೊಳ್ಳಿ," ಎಂದು ನಿರ್ದೇಶಕರ ಕಡೆಯ ಬಾಗಿಲು ತೆಗೆದು, ಗುಂಡು ಎಸೆಯುವವರ ನಿಲುವಿನಲ್ಲಿ ನಿಂತು, ಧಡಾರ್ ಎಂದು ಬಡಿದರು. ನಿರ್ದೇಶಕರ ತಲೆಗೂದಲು ಎಡದಿಂದ ಬಲಕ್ಕೆ ಬಂತು.

"ಈಗ ತಿರುಗಿಸ್ರೀ."

ಗುರ್ರ್.

ಮೇಡಂ ಹಿಂದೆ ಕುಳಿತರು. ಸ್ಟೇಷನ್ನಿನವರೆಗೂ ನಿರ್ದೇಶಕರು ತಲೆಗೂದಲನ್ನು ಬಲದಿಂದ ಎಡಕ್ಕೆ ತೀಡಿಕೊಳ್ಳುತ್ತಿದ್ದರು. ಇಳಿದ ಮೇಲೆ ನಿರ್ದೇಶಕರು ಕಾರಿನ ಬಾಗಿಲನ್ನು ಮುಟ್ಟಲಿಲ್ಲ. "ನಿಮ್ಮಲ್ಲಿ ಇಂಥ ದನಿ ಇದೆ ಅಂತ ನನಗೆ ಗೊತ್ತಿರ್ಲಿಲ್ಲ," ಎಂದಷ್ಟೇ ಹೇಳಿ ಹೋದರು.

ಸಾಹೇಬರು ಸ್ಟೀರಿಂಗಿನ ಮೇಲೆ ತಲೆಯಿಟ್ಟರು. ಇಂಜಿನ್ ಆರಿಸುವ ಧೈರ್ಯ ಅವರಿಗಿರಲಿಲ್ಲ.

"ಬಾಗಿಲು?" ಎಂದರು ಕೊನೆಗೆ.

"ಬಾಗಿಲೇ. ಬ್ಯಾಟರಿ ಹತ್ರ ಯಾವ್ದೋ ವೈರು ಸಡಿಲ ಇದೆ. ಜೋರಾಗಿ ಬಡಿದ್ರೆ ಕೂತ್ಕೊಳ್ಳತ್ತೆ."

"ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ವಾರವೇ."

"ಮತ್ತೆ ಇಷ್ಟು ದಿನ ನನ್ನ ಕೈಲಿ ಜಗಳ ಆಡಿಸಿದ್ದು? ಬೀದೀಲಿ? ಜಡ್ಜರ ಮುಂದೆ?"

"ಇವತ್ತು ಬೆಳಿಗ್ಗೆ ನಾನೇ ಬಡಿಯೋಣ ಅಂತಿದ್ದೆ. ಅಷ್ಟರಲ್ಲಿ ನೀವು ಜಡ್ಜರ ಮೇಲೆ ಹರಿಹಾಯ್ದ್ರಿ. ನೋಡೋಕೆ ಎಷ್ಟು ಚೆನ್ನಾಗಿತ್ತು!" ಮೇಡಂ ದನಿ ತಗ್ಗಿತು. "ಮದುವೆಯಾದಾಗಿನಿಂದ ನಿಮ್ಮ ಬಾಯಿಂದ 'ಹ್ಞೂಂ', 'ಆಗ್ಲಿ' ಬಿಟ್ರೆ ಏನು ಕೇಳಿದ್ದೀನಿ ನಾನು? ಗಾಡಿ ಬಂದ ಮೇಲೆ ದಿನಕ್ಕೆರಡು ಸಲ ನನ್ನ ಜೊತೆ ಮಾತಾಡಿದ್ರಿ. ಬೈದ್ರೂ ಪರವಾಗಿಲ್ಲ, ನನ್ನ ಮುಖ ನೋಡಿ ಬೈತಿದ್ರಲ್ಲ."

 ಇದಕ್ಕೆ ಈ ಸಲ ಉತ್ತರಿಸಬೇಕೆನ್ನಿಸಿ ಸಾಹೇಬರು ದಾರಿಯುದ್ದಕ್ಕೂ ಮಾತು ಹುಡುಕಿದರು. ಸಿಗಲಿಲ್ಲ.

ಬಡ್ತಿ ಬರಲಿಲ್ಲ. ಬಂದದ್ದು ವರ್ಗಾವಣೆ. ನಿರ್ದೇಶಕರು ನಯವಾಗಿಯೇ ಬರೆದಿದ್ದರು: ಇಷ್ಟು ದೊಡ್ಡ ದನಿ ನಾಲ್ಕು ಗೋಡೆಗಳ ನಡುವೆ ವ್ಯರ್ಥವಾಗಬಾರದು, ಆದಕಾರಣ ತಮ್ಮನ್ನು ಸಂಚಾರಿ ಗ್ರಂಥಾಲಯಕ್ಕೆ ನೇಮಿಸಲಾಗಿದೆ. ಸಂಚಾರಿ ಗ್ರಂಥಾಲಯವೆಂದರೆ ಪುಸ್ತಕ ತುಂಬಿದ ಹಳೆಯ ವ್ಯಾನು, ನೆತ್ತಿಯ ಮೇಲೊಂದು ಧ್ವನಿವರ್ಧಕ. ಬೀದಿಬೀದಿ ಸುತ್ತಿ "ಬನ್ನಿ, ಪುಸ್ತಕ ಓದಿ!" ಎಂದು ಕೂಗುವುದೇ ಸಾಹೇಬರ ಹೊಸ ಉದ್ಯೋಗ. ಮುಂಜಾನೆಯೇ ಹೊರಡಬೇಕಾದ್ದರಿಂದ ಕಾರು ಮೇಡಂ ಪಾಲಾಯಿತು. ಅವರು ಬಾಗಿಲು ಬಡಿದುಕೊಂಡು ಒಬ್ಬರೇ ಹೋಗುತ್ತಿದ್ದರು, ಒಂದೂ ಬೈಗುಳವಿಲ್ಲದೆ.

ಸ್ಕೂಲಿಗೆ ರಜೆಯಿದ್ದ ಒಂದು ದಿನ ವ್ಯಾನು ಸಾಹೇಬರದೇ ಬೀದಿಗೆ ಬಂದು ನಿಂತಿತು. ಕೂಗಿ ಕೂಗಿ ಸುಸ್ತಾದ ಸಾಹೇಬರು ಮೈಕಿನ ಗುಂಡಿ ಒತ್ತಿ ಆರಿಸಿ, ಒಳಗಿನ ಬೆಂಚಿನ ಮೇಲೆ ಕುಳಿತರು. ಮೇಡಂ ಕೆಳಗಿಳಿದು ಬಂದು ವ್ಯಾನಿನ ಮೆಟ್ಟಿಲು ಹತ್ತಿದರು. ಸುತ್ತ ಯಾರೂ ಇರಲಿಲ್ಲ. ಸಾಹೇಬರು ಗಂಟಲು ಸರಿಮಾಡಿಕೊಂಡರು. ಆ ದಿನ ಸಿಗದಿದ್ದ ಮಾತು ಈಗ ಸಿಕ್ಕಿತ್ತು.

"ನಿನ್ನ ಜೊತೆ ಜಗಳ ಇಲ್ದೆ ದಿನವೆಲ್ಲ ಸಪ್ಪೆ ಕಣೇ," ಎಂದರು ಮೆಲ್ಲಗೆ. "ಊರಿಗೆಲ್ಲ ಕೂಗಿ ಕೂಗಿ ಸಾಕಾಗಿದೆ. ನನಗೆ ನಿನ್ನೊಬ್ಬಳ ಹತ್ರ ಮಾತಾಡ್ಬೇಕು ಅನ್ಸತ್ತೆ."

ಅನ್ಸತ್ತೆ, ಅನ್ಸತ್ತೆ, ಎಂದು ಎದುರಿನ ಗೋಡೆ ಪ್ರತಿಧ್ವನಿಸಿತು. ಬಾಲ್ಕನಿಗಳಲ್ಲಿ ತಲೆಗಳು ಮೂಡಿದ್ದವು. ಯಾರೋ ಚಪ್ಪಾಳೆ ತಟ್ಟಿದರು. ಮೈಕಿನ ಗುಂಡಿ ಕೆಟ್ಟಿತ್ತು.

"ಅಮ್ಮಾ!" ಎಂದು ಜಡ್ಜರು ಕಿಟಕಿಯಿಂದ ಕೂಗಿದರು. "ಪ್ರತಿವಾದಿಯ ಹೇಳಿಕೆ ಸ್ಪಷ್ಟವಾಗಿ ಕೇಳಿಸಿದೆ. ನಿಮ್ಮ ಉತ್ತರಕ್ಕೆ ಇಡೀ ಬೀದಿ ಕಾಯ್ತಿದೆ!"

ಸಾಹೇಬರ ಮುಖದ ಕೆಂಪು ಕಿವಿಗಳವರೆಗೂ ಹಬ್ಬಿತು. ಮೇಡಂ ಮೈಕಿಗೆ ಅಂಗೈ ಅಡ್ಡ ಹಿಡಿದು, ಬಾಗಿ, ಗಂಡನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅವರು ಪಿಸುಗುಟ್ಟಬಲ್ಲರೆಂದು ಬೀದಿಗೆ ಗೊತ್ತಾದದ್ದೇ ಆಗ. ಬಾಲ್ಕನಿಗಳು ಮುಂದಕ್ಕೆ ಬಾಗಿದವು. ಜಡ್ಜರು ಕಿವಿಗೆ ಕೈಯೊಡ್ಡಿದರು. ಒಬ್ಬರಿಗೂ ಕೇಳಿಸಲಿಲ್ಲ.

ಏನಂದರೆಂದು ಇಂದಿಗೂ ಎಲ್ಲರೂ ಸಾಹೇಬರನ್ನು ಕೇಳುತ್ತಾರೆ. ಸಾಹೇಬರು ಗಂಭೀರವಾಗಿ ಮುಗುಳ್ನಕ್ಕು ಮುಂದೆ ಹೋಗುತ್ತಾರೆ. ಬೀದಿಯ ಹೆಂಗಸರು ಆ ಮುಗುಳ್ನಗೆಯನ್ನು ತಮ್ಮ ತಮ್ಮ ಗಂಡಂದಿರಿಗೆ ಉದಾಹರಣೆಯಾಗಿ ಕೊಡುತ್ತಾರೆ.

ಮೇಡಂ ಹೇಳಿದ್ದು ಇಷ್ಟೇ: "ರೀ, ಬೆಳಿಗ್ಗೆಯಿಂದ ಪ್ಯಾಂಟಿನ ಜಿಪ್ಪು ಹಾಕ್ಕೊಳ್ಳದೆ ಊರೆಲ್ಲ ಸುತ್ತಿದ್ದೀರಿ."