ಹಲ್ಲು ನೋಡಿ ಸೀನಿಯರ್ ಮಾಡುವ ಮಾಮಾ

ನಮ್ಮ ಮಾಮಾನ ಎದುರು ತಿಳಿದವರು ಯಾರೂ ಆಕಳಿಸುತ್ತಿರಲಿಲ್ಲ. ಆಕಳಿಸಿದರೆ ಮುಗಿಯಿತು, ಅವರ ನಿಜವಾದ ವಯಸ್ಸು ಎಷ್ಟೆಂಬುದು ಅರೆಗಳಿಗೆಯಲ್ಲಿ ಓಣಿಗೆಲ್ಲ ಗೊತ್ತಾಗುತ್ತಿತ್ತು!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಟಿಕೋಟಾದ ದನದ ದವಾಖಾನೆಯಲ್ಲಿ ಕಂಪೌಂಡರ್. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಮನೆಯಲ್ಲೇ ಇದ್ದುಕೊಂಡು ದಿನಾ ಮುಂಜಾನೆಯ ಬಸ್ಸಿಗೆ ಟಿಕೋಟಾಕ್ಕೆ ಹೋಗಿ ಸಂಜೆಗೆ ಬರುತ್ತಿದ್ದ. ವರ್ಷಾನುಗಟ್ಟಲೆ ಎತ್ತು, ಹೋರಿಗಳ ಬಾಯಿ ತೆರೆಸಿ, ಇದು ಎರಡು ಹಲ್ಲಿನದು, ಇದು ನಾಲ್ಕು ಹಲ್ಲಿನದು, ಇದು ಹಲ್ಲೆಲ್ಲ ಬಂದು ಬಾಯಿಗೂಡಿದ್ದು ಎಂದು ಹೇಳಿ ಹೇಳಿ, ಅವನಿಗೆ ಮನುಷ್ಯರ ಮುಖ ಕಾಣುವುದೇ ನಿಂತುಹೋಗಿತ್ತು. ಕಂಡರೆ ಹಲ್ಲೇ ಕಾಣಬೇಕು. ನನ್ನ ದೊಡ್ಡಪ್ಪನ ಮಗಳನ್ನು ನೋಡಲು ಬಂದ ವರ ಉಪ್ಪಿಟ್ಟು ತಿನ್ನುತ್ತ ಒಮ್ಮೆ ನಕ್ಕ, ಅಷ್ಟೇ. ಮೂಲೆಯಲ್ಲಿ ಕೂತಿದ್ದ ಮಾಮಾ, "ಮೂವತ್ತಮೂರು ದಾಟ್ಯಾವ್ರಿ" ಎಂದುಬಿಟ್ಟ. ವರನ ಅಪ್ಪ ಇಪ್ಪತ್ತಾರು ಎಂದು ಹೇಳಿ ಇನ್ನೂ ನೀರು ಕುಡಿದಿರಲಿಲ್ಲ! ಸಂಬಂಧ ಮುರಿಯಿತು. ದೊಡ್ಡವ್ವ ಒಂದು ವರ್ಷ ಮಾಮಾನ ಜೊತೆ ಮಾತು ಬಿಟ್ಟಳು. ಆಮೇಲೆ ಆ ವರನ ಊರಿನವರೇ ಬಂದು ಅವನಿಗೆ ಮೂವತ್ತನಾಲ್ಕು ಎಂದು ಹೇಳಿದ ಮೇಲೆ ಮತ್ತೆ ಚಹಾ ಕೊಡಲು ಶುರುಮಾಡಿದಳು.

ಇಂಥವನಿಗೂ ಸೈಕಲ್ ರೇಸಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಎಪ್ಪತ್ತರ ದಶಕ ಅದು. ವಿಜಯಪುರ ಆಗಿನ್ನೂ ನಮ್ಮ ಬಾಯಲ್ಲಿ ಬಿಜಾಪುರ. ನಮ್ಮೂರಿನ ಹುಡುಗರಿಗೆ ಸೈಕಲ್ಲಿನ ಹುಚ್ಚು. ಮನೆಯಲ್ಲಿದ್ದ ಹಳೆಯ ಸೈಕಲ್ಲಿನ ಮಡಗಾರ್ಡು, ಕ್ಯಾರಿಯರು, ಗಂಟೆ ಎಲ್ಲ ಬಿಚ್ಚಿ ಬಿಸಾಡಿದರೆ ಅದೇ ರೇಸಿನ ಸೈಕಲ್ಲು. ಪ್ರತಿ ಚಳಿಗಾಲ ನಮ್ಮ ಓಣಿಯ ತರುಣ ಮಂಡಳದವರು ಎರಡು ರೇಸು ಇಡುತ್ತಿದ್ದರು. ಹದಿನೆಂಟರ ಒಳಗಿನವರಿಗೆ ಜೂನಿಯರ್ ರೇಸು: ಟಿಕೋಟಾಕ್ಕೆ ಹೋಗಿ ತಿರುಗಿ ಬರುವುದು. ದೊಡ್ಡವರಿಗೆ ಸೀನಿಯರ್ ರೇಸು: ಟಿಕೋಟಾ, ಅಲ್ಲಿಂದ ಬಬಲೇಶ್ವರ, ಅಲ್ಲಿಂದ ಮರಳಿ ಬಿಜಾಪುರ. ಮೂರೂರು ಸುತ್ತುವಷ್ಟರಲ್ಲಿ ಗಂಡಸರ ಮುಖ ಗುರುತು ಸಿಗದಂತಾಗುತ್ತಿತ್ತು.

ಯಾರು ಜೂನಿಯರ್, ಯಾರು ಸೀನಿಯರ್ ಎಂದು ಹೇಗೆ ಹೇಳುವುದು? ಸಾಲಿ ಸರ್ಟಿಫಿಕೇಟ್ ನೋಡಿದರಾಯಿತು ಎಂದು ಮಂಡಳದವರು ಮೊದಲು ಭಾವಿಸಿದ್ದರು. ಸರ್ಟಿಫಿಕೇಟುಗಳೇನೋ ಬಂದವು. ಆದರೆ ಎಲ್ಲರೂ ಹುಟ್ಟಿದ್ದು ಜೂನ್ ಒಂದಕ್ಕೆ! ಮಗುವನ್ನು ಸಾಲಿಗೆ ಹಚ್ಚಲು ಬಂದ ಅಪ್ಪ, "ಜ್ವಾಳ ಕೊಯ್ಯೂ ಮುಂದ ಹುಟ್ಯಾನ್ರಿ" ಎಂದರೆ ಪಾಪ ಮಾಸ್ತರರಾದರೂ ಏನು ಬರೆಯಬೇಕು? ಸಾಲಿ ಶುರುವಾಗುವ ತಾರೀಖು ಬರೆದು ಕೈತೊಳೆದುಕೊಂಡಿದ್ದರು. ಮಾಮಾ ಆ ಕಾಗದಗಳನ್ನೆಲ್ಲ ತಿರುವಿ ಹಾಕಿ, "ಒಂದ ದಿನದಾಗ ಇಡೀ ಜಿಲ್ಲಾ ಹಡದೈತಲ್ರಿ, ಸೂಲಗಿತ್ತಿ ಯಾರ ಇದ್ದಳು?" ಎಂದು ಕೇಳಿದ. ಮಂಡಳದವರು ಅವತ್ತೇ ಅವನನ್ನು ವಯಸ್ಸು ನೋಡುವ ಪಂಚನನ್ನಾಗಿ ಮಾಡಿದರು. ಹದಿನೆಂಟು ತುಂಬದವನು ಸೀನಿಯರ್‌ಗೆ ಏರಬೇಕಾದರೂ ಮಾಮಾನ ಸಹಿ ಬೇಕು ಎಂದಾಯಿತು.

ಮೊದಲ ವರ್ಷವೇ ಅವನ ಹೆಸರಾಯಿತು. ಬಬಲೇಶ್ವರದ ಕಡೆಯ ಒಬ್ಬ ಪೈಲ್ವಾನನಂಥವನು ಹದಿನಾರು ವರ್ಷದ ಸರ್ಟಿಫಿಕೇಟ್ ಹಿಡಿದು ಜೂನಿಯರ್ ಸಾಲಿನಲ್ಲಿ ನಿಂತಿದ್ದ. ಮಾಮಾ ಅವನ ಗದ್ದ ಹಿಡಿದು ಬಾಯಿ ಬಿಸಿಲಿಗೆ ತಿರುಗಿಸಿದ.

"ಇಂವ ಬಾಯಿಗೂಡಿ ಐದ ವರ್ಷ ಆಗೈತಿ. ಮನ್ಯಾಗ ಮಕ್ಕಳ ಇರಬೇಕು, ಕೇಳ್ರಿ."

"ಯಪ್ಪಾ, ನಂದ ಇನ್ನೂ ಲಗ್ನಾನ ಆಗಿಲ್ರಿ" ಎಂದು ಅವನು ಗೋಗರೆಯುತ್ತಿರುವಾಗಲೇ ಮಂದಿಯ ನಡುವಿನಿಂದ ಎರಡು ವರ್ಷದ ಕೂಸೊಂದು ಓಡಿ ಬಂದು ಅವನ ಕಾಲು ಹಿಡಿದುಕೊಂಡಿತು. ರೇಸು ನೋಡಲು ಹೆಂಡತಿಯೂ ಬಂದಿದ್ದಳು.

ಇಷ್ಟೆಲ್ಲ ನಗುತ್ತ ಹೇಳುತ್ತಿದ್ದೇನೆ ನಿಜ. ಆದರೆ ಅದೇ ಮಾಮಾ ನನ್ನ ಬಾಯಿ ತೆರೆಸಿದಾಗ ನನಗೆ ನಗು ಬರಲಿಲ್ಲ. ನಾನು ಎರಡು ವರ್ಷ ಸತತವಾಗಿ ಜೂನಿಯರ್ ಗೆದ್ದಿದ್ದೆ. ಹದಿನೇಳು ತುಂಬಿತ್ತು, ಮೀಸೆ ಬಂದಿತ್ತು. ನನಗಿಂತ ಮೊಳ ಗಿಡ್ಡ ಇದ್ದ ಹುಡುಗರನ್ನು ಹಿಂದೆ ಹಾಕಿ ಹಾರ ಹಾಕಿಸಿಕೊಳ್ಳಲು ನಾಚಿಕೆಯಾಗುತ್ತಿತ್ತು. ಸಾಲದ್ದಕ್ಕೆ, ತಾಮ್ರ-ಹಿತ್ತಾಳೆ ಪಾತ್ರೆಗಳ ಬೋಗಾರ ಅಂಗಡಿಯಿಟ್ಟಿದ್ದ ನನ್ನಪ್ಪ ಆ ವರ್ಷ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಹುಡುಗರಾಟ ಸಾಕು. ಈ ಸಲ ದೊಡ್ಡವರ ಜೋಡಿ ಹೊಡದು ಹತ್ತರಾಗ ಬಾ, ಮುಂದಿಂದ ನೋಡೂಣು. ಇಲ್ಲಂದ್ರ ಸೈಕಲ್ ಮಾರಿ ಅಂಗಡ್ಯಾಗ ಕೂಡು." ಅಂಗಡಿಯಲ್ಲಿ ಕೂತು ತಂಬಿಗೆ ಬಡಿದು ಸಪ್ಪಳ ತೋರಿಸುವ ಜನ್ಮ ನನಗೆ ಬೇಡವಾಗಿತ್ತು. ರಾತ್ರಿ ಹಗಲು ಅದೊಂದೇ ಚಿಂತೆ.

ಮಾಮಾ ನನ್ನ ಬಾಯಿಯೊಳಗೆ ಬೆರಳು ಹಾಕಿ ಕೊನೆಯ ದವಡೆ ಮುಟ್ಟಿ ನೋಡಿದ. "ಹಿಂದ ಬುದ್ಧಿಹಲ್ಲಿನ ಜಾಗಾ ಖಾಲಿ ಐತಿ. ಈ ವರ್ಷ ಬ್ಯಾಡ."

"ಮಾಮಾ, ಮೀಸಿ ನೋಡು."

"ಹೋತಕ್ಕ ಗಡ್ಡಾನೂ ಇರ್ತೈತಿ. ಹಂಗಂತ ಅದಕ್ಕ ನೊಗಾ ಹೊರಸ್ತಾರೇನು?"

ಅವನ ಸಿದ್ಧಾಂತ ಇಷ್ಟೇ. ಎಳೆಯ ಹೋರಿಗೆ ಮುಂಚೆಯೇ ನೊಗ ಹೊರಿಸಿದರೆ ಹೆಗಲು ಕೂತುಹೋಗುತ್ತದೆ, ಮುಂದೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ತೀರ ತಡ ಮಾಡಿದರೆ ಮೈ ಬೆಳೆದು ಮೊಂಡಾಗುತ್ತದೆ. ನಡುವೆ ಒಂದು ಹಂಗಾಮು ಇರುತ್ತದೆ, ಅದನ್ನು ಹಿಡಿಯಬೇಕು. ಸರಿ, ಒಪ್ಪಿದೆ. ಆದರೆ ನಾನು ಹೋರಿಯೇ?

ಅವನ ಬಸ್ಸು ಹೊರಡುವ ಹೊತ್ತಿಗೇ ನಾನೂ ದಿನಾ ಟಿಕೋಟಾ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದೆ. ಒಂದು ದಿನ ಇಟ್ಟಂಗಿಹಾಳದ ತಿರುವಿನ ಹತ್ತಿರ ಬಸ್ಸು ನನ್ನ ಪಕ್ಕಕ್ಕೇ ಬಂದು ನಿಧಾನವಾಯಿತು. ಕಿಟಕಿಗಳಲ್ಲೆಲ್ಲ ತಲೆಗಳು. ಮಾಮಾ ಒಳಗೆ ನನ್ನನ್ನು ತೋರಿಸಿ ಪಂಚಾಯಿತಿ ನಡೆಸಿದ್ದ!

"ನೋಡ್ರಿ, ಇಂವನ್ನ ದೊಡ್ಡವರ ಜೋಡಿ ಬಿಡಬೇಕೋ ಬ್ಯಾಡೋ, ನಿಮ್ಮ ಕಣ್ಣೀಲೆ ನೋಡಿ ಹೇಳ್ರಿ."

"ಸಣ್ಣ ಹುಡುಗ ಐತ್ರಿ, ಪಾಪ. ತೊಡಿ ಇನ್ನೂ ತುಂಬಿಲ್ಲ" ಎಂದಳು ಬುಟ್ಟಿ ಹಿಡಿದ ಒಬ್ಬ ಮುದುಕಿ.

"ಇನ್ನೊಂದ ಹಂಗಾಮ ಮೇಯಿಸ್ರಿ" ಎಂದ ಕಳ್ಳಕವಟಗಿಯ ರೈತನೊಬ್ಬ. ನಾನು ಅವನ ಕೊಟ್ಟಿಗೆಯಲ್ಲೇ ಇದ್ದೇನೆಂಬ ಧಾಟಿ ಅವನದು.

ಕಂಡಕ್ಟರ್ ಮಾತ್ರ ಟಿಕೆಟ್ ಪೆಟ್ಟಿಗೆ ಬಡಿದು, "ಹೌದಂದವ್ರು ಕೈ ಎತ್ರಿ, ಅಲ್ಲಂದವ್ರು ಕೈ ಎತ್ರಿ, ಲಗೂ ಮುಗಸ್ರಿ" ಎಂದ. ಎಣಿಕೆಯಾಯಿತು. ನನ್ನ ಪರವಾಗಿ ಬಂದದ್ದು ಎರಡೇ ಕೈ. ಅದರಲ್ಲಿ ಒಂದು, ಮೇಲಿನ ಸರಳು ಹಿಡಿದು ನಿಂತೇ ನಿದ್ದೆ ಮಾಡುತ್ತಿದ್ದವನದು.

ಇನ್ನು ಹಲ್ಲು ಬರಿಸದೆ ಗತಿಯಿಲ್ಲ ಎಂದು ತೀರ್ಮಾನಿಸಿದೆ. ಕಬ್ಬು ಜಗಿದೆ, ಲವಂಗ ತಿಕ್ಕಿದೆ, ಹಲ್ಲು ಬರುವ ಕೂಸುಗಳಿಗೆ ಮಾಡುವ ಉಪಚಾರವನ್ನೆಲ್ಲ ಗುಟ್ಟಾಗಿ ಮಾಡಿಕೊಂಡೆ. ಏನೂ ಬರಲಿಲ್ಲ. ಕಡೆಗೆ ಒಂದು ದಿನ ಬಲಿತ ಗೋಂಜಾಳದ, ಅಂದರೆ ಮೆಕ್ಕೆಜೋಳದ, ಕಾಳೊಂದನ್ನು ಆರಿಸಿ ಕೊನೆಯ ದವಡೆಯ ಹಿಂದೆ ಒತ್ತಿ ಕೂರಿಸಿಕೊಂಡು ಮಾಮಾನ ಮುಂದೆ ಹೋಗಿ ಬಾಯಿ ತೆರೆದೆ. ಹೆಚ್ಚು ಮಾತಾಡುವ ಹಾಗಿರಲಿಲ್ಲ, ಬೆರಳಿನಿಂದ ತೋರಿಸಿದೆ. ಮಾಮಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ಆಮೇಲೆ ಚಿಮಟದಿಂದ ಕಾಳನ್ನು ಮೆಲ್ಲಗೆ ಎತ್ತಿ ನನ್ನ ಅಂಗೈಯಲ್ಲಿಟ್ಟ.

"ಬಿತ್ತಿದ್ದು ಚೊಲೋ ಆತು. ತೆನಿ ಬಂದ ಮ್ಯಾಲ ಬಾ."

ಮನೆಯಲ್ಲಿ ಒಂದು ವಾರ ಯಾರೂ ನನ್ನನ್ನು ನೋಡಿ ನಗದೆ ರೊಟ್ಟಿ ಬಡಿಸಲಿಲ್ಲ. ನಾನು ಮಾತ್ರ ಅಟ್ಟದ ಮೇಲೆ ಕೂತು ನಿಜವಾಗಿಯೂ ಅತ್ತೆ. ರೇಸಿಗೆ ಎರಡೇ ವಾರ ಉಳಿದಿತ್ತು. ಅಪ್ಪ ಅಂಗಡಿಯಲ್ಲಿ ನನಗೆಂದು ಒಂದು ಮಣೆಯನ್ನೂ ಹಾಕಿಸಿದ್ದ.

ನಾನು ಅತ್ತದ್ದನ್ನು ಅವ್ವ ಹೇಳಿರಬೇಕು. ಮುಂದಿನ ಭಾನುವಾರ ಮಾಮಾ ತನ್ನ ಕರಿ ಸೈಕಲ್ಲನ್ನು ಹೊರಗೆ ತೆಗೆದ. ಕೊರಳಿಗೆ ಟವೆಲ್ಲಿನಲ್ಲಿ ಕಟ್ಟಿದ ಅಲಾರಾಂ ಗಡಿಯಾರ, ತಲೆಗೆ ಟೊಪ್ಪಿಗೆ. "ನಡಿ, ಮೂರೂರು ಸುತ್ತಿ ಬರೂಣು. ನಾ ಹಿಂದ ಬರ್ತೇನಿ" ಎಂದ.

ಅವನ ಜೊತೆ ರೇಸು ತುಳಿಯುವುದೆಂದರೆ ತಾಳ್ಮೆಯ ಪರೀಕ್ಷೆ. ಟಿಕೋಟಾದಲ್ಲಿ ಇಳಿದು ಯಾರದೋ ಎಮ್ಮೆಯ ಕೆಚ್ಚಲು ನೋಡಿದ. ಅಲ್ಲಿಂದ ಮುಂದೆ ಒಂದು ಹೊಲದಲ್ಲಿ ಕುಂಟುತ್ತಿದ್ದ ಎತ್ತಿನ ಗೊರಸು ನೋಡಿದ. ನಡುವೆ ಅಲಾರಾಂ ತಾನಾಗಿ ಹೊಡೆದುಕೊಂಡು ಎದುರಿನಿಂದ ಬರುತ್ತಿದ್ದ ಚಕ್ಕಡಿಯ ಎತ್ತುಗಳು ಬೆದರಿ ಜೋಳದ ಹೊಲಕ್ಕೆ ನುಗ್ಗಿದವು. ಅವುಗಳನ್ನು ರಸ್ತೆಗೆ ತಂದದ್ದೂ ಮಾಮಾನೇ, ತರುವ ಮೊದಲು ಅವುಗಳ ಹಲ್ಲು ನೋಡಿದ್ದೂ ಮಾಮಾನೇ!

ಬಬಲೇಶ್ವರ ದಾಟಿ ಬಿಜಾಪುರದ ಕಡೆ ತಿರುಗಿದೆವು ನೋಡಿ, ಮೂಡಣದ ಗಾಳಿ ಮುಖಕ್ಕೆ ಬಂತು. ಮರವಿಲ್ಲದ ಎರೆಮಣ್ಣಿನ ಬಯಲು, ಆ ಗಾಳಿಗೆ ಅಡ್ಡ ಬರುವುದು ಏನೂ ಇಲ್ಲ. ಎಂದಿನಂತೆ ಹಲ್ಲು ಕಚ್ಚಿ ಮುಂದೆ ಹಾರಿಹೋಗಲು ಹೊರಟವನು ಯಾಕೋ ಒಮ್ಮೆ ತಿರುಗಿ ನೋಡಿದೆ. ಮಾಮಾ ಬಹಳ ಹಿಂದೆ ಉಳಿದಿದ್ದ. ಟೊಪ್ಪಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು, ಬಗ್ಗಿ, ಏದುಸಿರು ಬಿಡುತ್ತ ತುಳಿಯುತ್ತಿದ್ದ. ನನಗೆ ಕೆಟ್ಟೆನಿಸಿತು. ನಿಧಾನ ಮಾಡಿ, "ನನ್ನ ಗಾಲಿ ಹಿಂದ ಬಾ ಮಾಮಾ, ಗಾಳಿ ಹತ್ತೂದಿಲ್ಲ" ಎಂದೆ. ಅವನು ಬಂದ. ಊರು ಮುಟ್ಟುವವರೆಗೆ ಒಂದೇ ಹದದಲ್ಲಿ ತುಳಿದುಕೊಂಡು ಬಂದೆ. ಆಶ್ಚರ್ಯವೆಂದರೆ ನನಗೆ ದಣಿವೇ ಆಗಿರಲಿಲ್ಲ.

ಮನೆಯ ಕಟ್ಟೆಯ ಮೇಲೆ ಕೂತು ಮಾಮಾ ಮಂಡಳದ ಕಾಗದ ತರಿಸಿ ಸಹಿ ಹಾಕಿದ.

"ಹಲ್ಲು ಬಂದಿಲ್ಲಲ್ಲ ಮಾಮಾ?"

"ಒಂದೊಂದಕ್ಕ ತಡಾ ಆಗಿ ಬರ್ತಾವು. ನೀ ಇಷ್ಟ ದಿನ ಗಾಳಿ ಜೋಡಿ ಜಗಳಾ ಮಾಡ್ತಿದ್ದಿ. ಇವತ್ತ ಉಸರಾ ಉಳಿಸಿ ತುಳದಿ. ಹಿಂದ ಯಾರ ಅದಾರ ಅಂತ ನೋಡಿದಿ. ಹೋಗು."

ರೇಸಿನ ದಿನ ಮೂವತ್ತು ಜನ ಗಂಡಸರ ನಡುವೆ ಹೋಗಿ ನಿಂತೆ. ಟಿಕೋಟಾಕ್ಕೆ ಮುಟ್ಟುವಾಗ ನಾನು ಇಪ್ಪತ್ತರ ಹಿಂದೆ ಎಲ್ಲೋ ಇದ್ದೆ. ಬಬಲೇಶ್ವರದಲ್ಲಿ ಹದಿನಾರನೆಯವನು. ಅಲ್ಲಿ ರಸ್ತೆಯ ನಡುವೆಯೇ ಮಾಮಾ ನಿಂತಿದ್ದ. ಕೈಯಲ್ಲಿ ಏನಿತ್ತೆನ್ನುತ್ತೀರಿ? ದನಗಳಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ! ನನ್ನ ಜೊತೆಜೊತೆಗೇ ಓಡುತ್ತ, ಎಡಗೈಯಿಂದ ಗದ್ದ ಎತ್ತಿ, ಬೆಲ್ಲ ಉಪ್ಪು ನಿಂಬೆಹುಳಿಯ ನೀರನ್ನು ಒಂದೇ ಸಲಕ್ಕೆ ಗಂಟಲಿಗೆ ಇಳಿಸಿದ. ನನ್ನ ಹಿಂದಿದ್ದವನು ಅದನ್ನು ನೋಡಿ ನಕ್ಕು ನಕ್ಕು ಸೈಕಲ್ ಸಮೇತ ಬದುವಿಗೆ ಹೋಗಿ ಬಿದ್ದ. ಅಲ್ಲಿಗೆ ಒಬ್ಬ ಕಡಿಮೆಯಾದ ಹಾಗಾಯಿತು.

ಆಮೇಲೆ ಮತ್ತೆ ಅದೇ ಗಾಳಿ. ಮೊದಲೇ ಜೋರು ಮಾಡಿ ಸುಸ್ತಾದವರು ಒಬ್ಬೊಬ್ಬರಾಗಿ ನನ್ನ ಹಿಂದೆ ಸರಿಯತೊಡಗಿದರು. ನಾನು ತಲೆ ತಗ್ಗಿಸಿ ಎಣಿಸುತ್ತ ಹೋದೆ. ಹದಿಮೂರು, ಹನ್ನೆರಡು, ಹನ್ನೊಂದು. ಹತ್ತು ಎಂದಾಗ ಊರು ಕಂಡಿತು. ಒಂಬತ್ತನೆಯವನಾಗಿ ಗೆರೆ ದಾಟಿದೆ. ಅಪ್ಪ ನನ್ನ ಹತ್ತಿರ ಬಂದು ಸೈಕಲ್ಲನ್ನು ಮುಟ್ಟಿ ನೋಡಿ, "ಇದನ್ನ ಮಾರೂದು ಬ್ಯಾಡ ಬಿಡು" ಎಂದಷ್ಟೇ ಹೇಳಿದ. ಎದೆಯ ಮೇಲಿನ ಕಲ್ಲು ಇಳಿಯುವುದೆಂದರೆ ಏನೆಂದು ನನಗೆ ಅವತ್ತು ತಿಳಿಯಿತು.

ಬಬಲೇಶ್ವರದಿಂದ ಯಾರದೋ ಜೀಪು ಹತ್ತಿ ನನಗಿಂತ ಮೊದಲೇ ಬಂದಿದ್ದನಂತೆ ಮಾಮಾ. ಆದರೆ ಎಲ್ಲೂ ಕಾಣಲಿಲ್ಲ. ಹುಡುಕಿದರೆ, ಮಂದಿಯಿಂದ ದೂರ, ಒಂದು ಬೇವಿನ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕಾಲು ಚಾಚಿ ಕೂತೆ. ಅವನು ನನ್ನ ಮೀನಖಂಡ ತಿಕ್ಕತೊಡಗಿದ.

"ನೀ ಏಳ ತಿಂಗಳಿಗೆ ಹುಟ್ಟಿದಾಂವ, ಗೊತ್ತೈತೇನು?" ಎಂದ.

ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

"ಈ ಕಾಲು ನನ್ನ ಬೆರಳಿನಷ್ಟ ಇದ್ದವು. ಉಳಿಯೂದಿಲ್ಲ ಅಂದಿದ್ರು ಎಲ್ಲಾರೂ. ಹಾಲು ಚೀಪಾಕ ನಿನಗ ಶಕ್ತಿ ಇರಲಿಲ್ಲ. ಹತ್ತಿ ಒಳಗ ಸುತ್ತಿ, ಪೆನ್ನಿಗೆ ಶಾಯಿ ಹಾಕೂ ಫಿಲ್ಲರ್ ತೊಳದು, ಅದರಾಗ ಒಂದೊಂದ ಹನಿ ಹಾಕಿದೆ. ನಲವತ್ತ ದಿನ. ನಿಮ್ಮವ್ವ ಅಳ್ತಿದ್ದಳು. ಹೆದರಬ್ಯಾಡಕ್ಕಾ, ನಾ ಅದೇನಿ ಅಂತ ಆಕಿಗೆ ಹೇಳ್ತಿದ್ದೆ." ನನ್ನ ಇನ್ನೊಂದು ಕಾಲನ್ನು ಎಳೆದುಕೊಂಡು ತಿಕ್ಕತೊಡಗಿದ. "ನನಗ ಹಂಗ ಹೇಳಾವ್ರು ಯಾರೂ ಇರಲಿಲ್ಲ ನೋಡು. ಹದಿನೇಳ ವರ್ಷ ಆತು, ಆ ಅಂಜಿಕಿ ಇನ್ನೂ ಹೋಗಿಲ್ಲ."

ಅವನ ಮೇಲೆ ಅಷ್ಟು ದಿನ ಸಿಟ್ಟು ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು, ಅಳುವೂ ಬಂತು. ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಹೆದರಬ್ಯಾಡ ಮಾಮಾ" ಎಂದೆ. "ನಾ ಚೊಲೋ ಅದೇನಿ."

ಮಾಮಾ ನನ್ನ ಮುಖ ನೋಡಿದ. ಒಂದು ದೊಡ್ಡ ಉಸಿರು ಬಿಟ್ಟು, ಮರಕ್ಕೆ ಒರಗಿ, ಕೂತಲ್ಲೇ ನಿದ್ದೆ ಹೋದ.